ಮಹಾಮಾರಿಯ ಕಾಲದ ಶಿಷ್ಯತ್ವ: ಕಾರ್ಥೇಜ್, ಅಲೆಕ್ಸಾಂಡ್ರಿಯ ಮತ್ತು ಆದಿ ಕ್ರೈಸ್ತರ ರೋಗಿಸೇವೆ

ಕ್ರಿ.ಶ. ಎರಡನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯವನ್ನು ಕಾಡಿದ ಮಹಾಮಾರಿಯು ಅಂದು ಆಳುತ್ತಿದ್ದ ಆಂಟೊನೈನ್ ವಂಶದ ಹೆಸರಿನಿಂದಲೂ, ಅದನ್ನು ಕಣ್ಣಾರೆ ಕಂಡ ವೈದ್ಯ ಗ್ಯಾಲೆನ್‌ನ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಆದರೆ ಸುಮಾರು 249ರಲ್ಲಿ ಕಾಣಿಸಿಕೊಂಡು ಮುಂದೆ ಹಲವು ವರ್ಷಗಳ ಕಾಲ ಬಿಟ್ಟುಬಿಟ್ಟು ಮರುಕಳಿಸಿದ ಇನ್ನೊಂದು ಮಹಾಮಾರಿಗೆ ಅಂಟಿಕೊಂಡಿರುವುದು ಒಬ್ಬ ಬಿಷಪ್‌ನ, ಅಂದರೆ ಒಂದು ನಗರದ ಕ್ರೈಸ್ತ ಸಭೆಯ ಮೇಲ್ವಿಚಾರಕನ ಹೆಸರು. ಇಂದಿನ ಟ್ಯುನೀಸಿಯದ ಕಡಲ ದಂಡೆಯಲ್ಲಿದ್ದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ತನ್ನ ಜನರಿಗೆ ಧೈರ್ಯ ಹೇಳಲು ಲ್ಯಾಟಿನ್ ಭಾಷೆಯಲ್ಲಿ ಬರೆದ ಪ್ರಬಂಧವೊಂದರಲ್ಲಿ, ನಿಲ್ಲದ ಭೇದಿ, ವಾಂತಿ, ನೆತ್ತರು ತುಂಬಿ ಉರಿಯುವ ಕಣ್ಣುಗಳು, ಕೊಳೆಯುವ ಕೈಕಾಲುಗಳು, ಕುಂದಿಹೋಗುವ ಶ್ರವಣ ಮತ್ತು ದೃಷ್ಟಿ ಎಂದು ರೋಗದ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದ್ದರಿಂದ ಅದು 'ಸಿಪ್ರಿಯನ್‌ನ ಮಹಾಮಾರಿ' ಎಂದೇ ಇತಿಹಾಸದಲ್ಲಿ ಉಳಿಯಿತು. ಈ ಲಕ್ಷಣಗಳ ಆಧಾರದ ಮೇಲೆ ಕೈಲ್ ಹಾರ್ಪರ್ ಎಂಬ ಇತಿಹಾಸಕಾರ ಅದು ರಕ್ತಸ್ರಾವ ಉಂಟುಮಾಡುವ ವೈರಾಣು ಜ್ವರವಾಗಿದ್ದಿರಬಹುದೆಂದು 2017ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಊಹಿಸಿದ್ದಾನೆ. ಅದು ಊಹೆಯೇ ಹೊರತು ನಿರ್ಣಯವಲ್ಲ. ಕ್ರೈಸ್ತ ಶಿಷ್ಯತ್ವದ ಇತಿಹಾಸಕ್ಕೆ ಆ ರೋಗ ಯಾವುದೆಂಬುದಕ್ಕಿಂತ, ರೋಗಿಯ ಹಾಸಿಗೆಯ ಬಳಿ ಯಾರು ಕುಳಿತರು ಎಂಬುದು ಹೆಚ್ಚು ಮುಖ್ಯವಾಗುತ್ತದೆ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದ ಪ್ರಕಾರ ಯೇಸು ತನ್ನ ಕೊನೆಯ ರಾತ್ರಿಯ ಊಟದ ವೇಳೆ ಶಿಷ್ಯರ ಕಾಲುಗಳನ್ನು ತೊಳೆದು, ತಾನು ಅವರನ್ನು ಪ್ರೀತಿಸಿದಂತೆಯೇ ಅವರೂ ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಹೊಸ ಆಜ್ಞೆಯನ್ನು ಕೊಟ್ಟು, ಆ ಪ್ರೀತಿಯಿಂದಲೇ ಹೊರಗಿನವರು ಅವರನ್ನು ತನ್ನ ಶಿಷ್ಯರೆಂದು ಗುರುತಿಸುವರೆಂದು ತಿಳಿಸಿದನು. ಮರುದಿನವೇ ಶಿಲುಬೆಯ ಮರಣ ಬಂದುದರಿಂದ, ಪ್ರಾಣ ಕೊಡುವ ತನಕ ಹೋಗುವುದೇ ಆ ಪ್ರೀತಿಯ ಅಳತೆಯೆಂದು ಸಭೆಯವರು ಅರ್ಥಮಾಡಿಕೊಂಡರು. ಆದರೆ ಈ ಆಜ್ಞೆಯಲ್ಲಿ ಬಿಡಿಸದ ಒಂದು ಗಂಟಿದೆ. ಅದು ಹೇಳುವುದು ಶಿಷ್ಯರು ತಮ್ಮತಮ್ಮಲ್ಲಿ ಇಟ್ಟುಕೊಳ್ಳಬೇಕಾದ ಪ್ರೀತಿಯನ್ನು. ಶತ್ರುಗಳನ್ನೂ ಪ್ರೀತಿಸಬೇಕೆಂಬ ಬೋಧನೆ ಮತ್ತಾಯನ ಸುವಾರ್ತೆಯಲ್ಲಿ ಬೇರೆಯಾಗಿ ಬರುತ್ತದೆ. ಇವೆರಡೂ ಒಂದೇ ಕರ್ತವ್ಯವೋ, ಅಥವಾ ಮೊದಲನೆಯದು ಮನೆಯೊಳಗಿನ ನಿಯಮ, ಎರಡನೆಯದು ಕೇವಲ ಆದರ್ಶವೋ ಎಂಬ ಪ್ರಶ್ನೆ ಮೂರನೆಯ ಶತಮಾನದ ಮಹಾಮಾರಿಯಲ್ಲಿ ಗ್ರಂಥದಿಂದ ಇಳಿದು ಬೀದಿಗೆ ಬಂದಿತು.

ಅದಕ್ಕೆ ಮೊದಲು ಸಭೆಯೊಳಗಿನ ನೆರವಿನ ಪದ್ಧತಿ ಸಾಕಷ್ಟು ಬೆಳೆದಿತ್ತು. ಸುಮಾರು 155ರಲ್ಲಿ ಬರೆದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಆರಾಧನೆಯಲ್ಲಿ ಉಳ್ಳವರು ಇಷ್ಟಪಟ್ಟಷ್ಟು ಕಾಣಿಕೆ ಕೊಡುವುದನ್ನೂ, ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು ಮತ್ತು ಪರಸ್ಥಳದವರಿಗೆ ಸಹಾಯ ಸಲ್ಲುವುದನ್ನೂ ವರ್ಣಿಸುತ್ತಾನೆ. ಸುಮಾರು 197ರಲ್ಲಿ ಕಾರ್ಥೇಜಿನವನೇ ಆದ ಟರ್ಟುಲಿಯನ್ ತಿಂಗಳಿಗೊಮ್ಮೆ ಸೇರುವ ಸಾಮಾನ್ಯ ನಿಧಿಯನ್ನು ಪ್ರಸ್ತಾಪಿಸಿ, ಅದು ಬಡವರ ಊಟಕ್ಕೂ ಹೂಳುವ ಖರ್ಚಿಗೂ, ಮುಪ್ಪಾದ ಸೇವಕರಿಗೂ, ಹಡಗು ಒಡೆದು ಗತಿಗೆಟ್ಟವರಿಗೂ, ನಂಬಿಕೆಯ ಕಾರಣದಿಂದ ಗಣಿಗಳಿಗೆ ದೂಡಲ್ಪಟ್ಟವರಿಗೂ ಬಳಕೆಯಾಗುತ್ತದೆಂದು ಹೇಳುತ್ತಾನೆ. ಕ್ರೈಸ್ತರ ಪರಸ್ಪರ ಪ್ರೀತಿಯನ್ನು ಕಂಡು ಹೊರಗಿನವರು ಬೆರಗಿನಿಂದಲೋ ಕೊಂಕಿನಿಂದಲೋ ಮಾತಾಡಿಕೊಳ್ಳುತ್ತಿದ್ದರೆಂಬುದೂ ಅವನ ಬರಹದಿಂದಲೇ ತಿಳಿಯುತ್ತದೆ. 251ರ ಸುಮಾರಿಗೆ ರೋಮ್ ನಗರದ ಸಭೆಯೊಂದೇ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತೆಂದು ಅಲ್ಲಿನ ಬಿಷಪ್ ಕೊರ್ನೇಲಿಯಸ್‌ನ ಪತ್ರ ತಿಳಿಸುತ್ತದೆ. ರೋಮನ್ ಸಮಾಜದಲ್ಲಿಯೂ ದಾನವಿರಲಿಲ್ಲವೆಂದಲ್ಲ. ಶ್ರೀಮಂತರು ಧಾನ್ಯ ಹಂಚುತ್ತಿದ್ದರು, ಸ್ನಾನಗೃಹಗಳನ್ನೂ ರಂಗಮಂದಿರಗಳನ್ನೂ ಕಟ್ಟಿಸುತ್ತಿದ್ದರು, ಪ್ರತಿಯಾಗಿ ಶಾಸನವನ್ನೋ ಪ್ರತಿಮೆಯನ್ನೋ ಪಡೆಯುತ್ತಿದ್ದರು. ಆದರೆ ಆ ದಾನ ಹರಿಯುತ್ತಿದ್ದುದು ಬಹುಮಟ್ಟಿಗೆ ತಮ್ಮ ಊರಿನ ನಾಗರಿಕರ ಕಡೆಗೆ. ಸೈನಿಕರಿಗೂ ದೊಡ್ಡ ಜಮೀನುಗಳ ಗುಲಾಮರಿಗೂ ಚಿಕಿತ್ಸಾಗೃಹಗಳಿದ್ದವಾದರೂ, ನಗರದ ಬಡ ರೋಗಿಯನ್ನು ನೋಡಿಕೊಳ್ಳಬೇಕಾದ ಹೊಣೆ ಯಾವ ಸಂಸ್ಥೆಯದೂ ಆಗಿರಲಿಲ್ಲ.

ಸಿಪ್ರಿಯನ್ ಈ ಹೊಣೆಯನ್ನು ಹೊತ್ತುಕೊಂಡ ಗಳಿಗೆ ಅನುಕೂಲದ್ದಾಗಿರಲಿಲ್ಲ. ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೆ ಪ್ರಮಾಣಪತ್ರ ಪಡೆಯಬೇಕೆಂದು ಚಕ್ರವರ್ತಿ ಡೆಸಿಯಸ್ ಆಜ್ಞೆ ಹೊರಡಿಸಿದಾಗ, 250ರಲ್ಲಿ ಕಾರ್ಥೇಜಿನ ಎಷ್ಟೋ ಕ್ರೈಸ್ತರು ಬಲಿ ಅರ್ಪಿಸಿಯೋ ಲಂಚ ಕೊಟ್ಟು ಪತ್ರ ಪಡೆದೋ ಪಾರಾದರು. ಸಿಪ್ರಿಯನ್ ಸ್ವತಃ ನಗರ ಬಿಟ್ಟು ತಲೆಮರೆಸಿಕೊಂಡು, ಪತ್ರಗಳ ಮೂಲಕ ಸಭೆಯನ್ನು ನಡೆಸಿದನು. ತೋಳ ಬಂದಾಗ ಮಂದೆಯನ್ನು ಬಿಟ್ಟು ಓಡುವ ಕೂಲಿಯ ಕುರುಬನ ಸಾಮತಿಯನ್ನು ನೆನಪಿಸಿ ರೋಮಿನ ಗುರುಗಳು ಕಾರ್ಥೇಜಿಗೆ ಬರೆದ ಪತ್ರದಲ್ಲಿ ಅವನ ಮೇಲಿನ ಚುಚ್ಚುಮಾತು ಸ್ಪಷ್ಟವಾಗಿಯೇ ಇದೆ. ಅವನು ಹಿಂದಿರುಗಿದಾಗ ಸಭೆ ಒಡೆದಿತ್ತು, ಆಜ್ಞೆಗೆ ಮಣಿದು ಬಿದ್ದವರನ್ನು ಮರಳಿ ಸೇರಿಸಿಕೊಳ್ಳಬೇಕೆ ಎಂಬ ಜಗಳ ಉರಿಯುತ್ತಿತ್ತು. ಅದರ ಮೇಲೆ ರೋಗ ಬಂದೆರಗಿತು. ದೇವತೆಗಳನ್ನು ಪೂಜಿಸದ ಕ್ರೈಸ್ತರಿಂದಲೇ ಈ ಕೇಡು ಬಂದಿತೆಂಬ ಆರೋಪವೂ ಜೊತೆಗೂಡಿತು. ಹಾಗೆ ದೂರಿದ ದೆಮೆಟ್ರಿಯಾನಸ್ ಎಂಬವನಿಗೆ ಸಿಪ್ರಿಯನ್ ಬರೆದ ಖಾರವಾದ ಉತ್ತರ ಇಂದಿಗೂ ಉಳಿದಿದೆ.

ಇಂಥ ಹಗೆತನದ ನಡುವೆ ಅವನು ಸಭೆಯನ್ನು ಕೂಡಿಸಿ ಆಡಿದ ಮಾತುಗಳ ಸಾರವನ್ನು ಅವನ ಸೇವಕಗುರು, ಅಂದರೆ ಬಿಷಪ್‌ನಿಗೆ ನೆರವಾಗುವ ಕೆಳದರ್ಜೆಯ ಅಧಿಕಾರಿ, ಪೊಂಟಿಯಸ್ ತನ್ನ ಚರಿತ್ರೆಯಲ್ಲಿ ಕೊಡುತ್ತಾನೆ. ತಮ್ಮವರನ್ನು ಮಾತ್ರ ಪ್ರೀತಿಯಿಂದ ನೋಡಿಕೊಳ್ಳುವುದರಲ್ಲಿ ವಿಶೇಷವೇನೂ ಇಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಹಿಂಸಿಸಿದವರಿಗಾಗಿ ಪ್ರಾರ್ಥಿಸಬೇಕೆಂದು ಕಲಿತವರು ಅದಕ್ಕಿಂತ ಮುಂದೆ ಹೋಗಬೇಕು ಎಂಬುದು ಆ ಮಾತಿನ ತಿರುಳು. ಬಳಿಕ ಅವರವರ ಅಂತಸ್ತು ಮತ್ತು ಶಕ್ತಿಗೆ ತಕ್ಕಂತೆ ಕೆಲಸ ಹಂಚಲಾಯಿತು. ಕೊಡಲು ಹಣವಿಲ್ಲದ ಬಡವರು ಹಣಕ್ಕಿಂತ ಹೆಚ್ಚಿನದಾದ ಮೈದುಡಿಮೆಯನ್ನು ಕೊಟ್ಟರೆಂದು ಪೊಂಟಿಯಸ್ ಹೆಮ್ಮೆಯಿಂದ ಬರೆಯುತ್ತಾನೆ. ಈ ವಿವರವನ್ನು ಓದುಗರು ಸುಲಭವಾಗಿ ದಾಟಿಬಿಡುತ್ತಾರೆ. ಆದರೆ ಬೀದಿಯ ಹೆಣಗಳನ್ನು ಎತ್ತಿದ್ದು, ರೋಗಿಗಳಿಗೆ ನೀರು ಕುಡಿಸಿದ್ದು, ಸೋಂಕಿಗೆ ಮೊದಲು ಮೈಯೊಡ್ಡಿದ್ದು ಹೆಚ್ಚಾಗಿ ಈ ಬಡವರೇ ಇರಬೇಕು. ಕೀರ್ತಿ ಮಾತ್ರ ಬಿಷಪ್‌ನ ಹೆಸರಿಗೆ ಸೇರಿತು. ಅದೇ ವರ್ಷಗಳಲ್ಲಿ ನುಮಿಡಿಯ ಪ್ರಾಂತದ ಕ್ರೈಸ್ತರನ್ನು ದಾಳಿಕಾರರು ಸೆರೆಹಿಡಿದೊಯ್ದಾಗ ಬಿಡುಗಡೆಯ ಹಣವಾಗಿ ಕಾರ್ಥೇಜಿನ ಸಭೆ 1,00,000 ಸೆಸ್ಟರ್ಸ್‌ಗಳನ್ನು, ಅಂದರೆ ಆ ಸಂಖ್ಯೆಯ ರೋಮನ್ ನಾಣ್ಯಗಳನ್ನು, ಕೂಡಿಸಿ ಕಳುಹಿಸಿತು. ಸಿಪ್ರಿಯನ್‌ನ ಮೇಲಿದ್ದ ಪಲಾಯನದ ಆಪಾದನೆ ಪೂರ್ತಿ ಅಳಿದದ್ದು ಚಕ್ರವರ್ತಿ ವಲೇರಿಯನ್‌ನ ಕಾಲದಲ್ಲಿ, 258ರ ಸೆಪ್ಟೆಂಬರ್ 14ರಂದು ಅವನ ಶಿರಚ್ಛೇದವಾದಾಗ. ಕತ್ತಿ ಎತ್ತಬೇಕಿದ್ದ ಆಳಿಗೆ 25 ಚಿನ್ನದ ನಾಣ್ಯಗಳನ್ನು ಕೊಡುವಂತೆ ಅವನು ತನ್ನವರಿಗೆ ಹೇಳಿದನೆಂದು ವಿಚಾರಣೆಯ ದಾಖಲೆ ತಿಳಿಸುತ್ತದೆ.

ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಇದೇ ರೋಗ ಎಷ್ಟು ಜನರನ್ನು ಕೊಂಡೊಯ್ದಿತೆಂಬುದಕ್ಕೆ ಅಪರೂಪದ ಸುಳಿವೊಂದು ದೊರೆಯುತ್ತದೆ. ಅಲ್ಲಿನ ಬಿಷಪ್ ಡಯೊನೀಸಿಯಸ್ ಬರೆಯುವಂತೆ, ಸಾರ್ವಜನಿಕ ಧಾನ್ಯ ಪಡೆಯುವವರ ಪಟ್ಟಿಗೆ ಈಗ 14ರಿಂದ 80 ವರ್ಷದವರನ್ನೆಲ್ಲ ಸೇರಿಸಿದರೂ, ಹಿಂದೆ 40ರಿಂದ 70 ವರ್ಷದವರಷ್ಟೇ ಇದ್ದಾಗಿನ ಸಂಖ್ಯೆಯೂ ತುಂಬುತ್ತಿರಲಿಲ್ಲ. ಅವನು ಪಾಸ್ಖ, ಅಂದರೆ ಯೇಸುವಿನ ಪುನರುತ್ಥಾನದ, ಹಬ್ಬದ ಸಂದರ್ಭದಲ್ಲಿ ತನ್ನ ಸಭೆಗೆ ಬರೆದ ಪತ್ರವೊಂದನ್ನು ಸಭಾಚರಿತ್ರೆಯ ಲೇಖಕ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಸಭೆಯ ಹಿರಿಯರು, ಸೇವಕರು ಮತ್ತು ಸಾಮಾನ್ಯ ವಿಶ್ವಾಸಿಗಳು ಅಪಾಯವನ್ನು ಲೆಕ್ಕಿಸದೆ ರೋಗಿಗಳ ಬಳಿಯೇ ಇದ್ದು ಶುಶ್ರೂಷೆ ಮಾಡಿ, ಇನ್ನೊಬ್ಬರ ರೋಗವನ್ನು ತಮ್ಮ ಮೇಲೆ ಎಳೆದುಕೊಂಡು ಅವರ ಬದಲಿಗೆ ತಾವೇ ಸತ್ತರೆಂದೂ, ಸತ್ತವರ ಕಣ್ಣು ಬಾಯಿ ಮುಚ್ಚಿ, ಮೈ ತೊಳೆದು, ಹೆಗಲ ಮೇಲೆ ಹೊತ್ತವರಿಗೆ ಸ್ವಲ್ಪವೇ ದಿನಗಳಲ್ಲಿ ಅದೇ ಸೇವೆ ಬೇಕಾಯಿತೆಂದೂ ಅವನು ಹೇಳುತ್ತಾನೆ. ಇಂಥ ಸಾವು ರಕ್ತಸಾಕ್ಷಿಗಳ, ಅಂದರೆ ನಂಬಿಕೆಗಾಗಿ ಕೊಲ್ಲಲ್ಪಟ್ಟವರ, ಸಾವಿಗೆ ಯಾವುದರಲ್ಲಿಯೂ ಕಡಿಮೆಯಲ್ಲವೆಂಬ ಅವನ ತೀರ್ಮಾನ ಆ ಕಾಲಕ್ಕೆ ಬಹಳ ದಿಟ್ಟದ್ದು. ಅಲ್ಲಿಯವರೆಗೆ ಶಿಷ್ಯತ್ವದ ಅತ್ಯುನ್ನತ ಗುರುತೆಂದರೆ ನ್ಯಾಯಾಧೀಶನ ಮುಂದೆ ಯೇಸುವನ್ನು ಅಲ್ಲಗಳೆಯದೆ ಸಾಯುವುದಾಗಿತ್ತು. ಈಗ ಹೆಸರಿಲ್ಲದ ರೋಗಿಯ ಪಕ್ಕದಲ್ಲಿ, ಯಾರೂ ಕೇಳದೆ ಬಂದ ಸಾವಿಗೂ ಅದೇ ಬೆಲೆ ದೊರೆಯಿತು.

ಈ ಮೂಲಗಳು ನಿಷ್ಪಕ್ಷಪಾತವಾದವುಗಳಲ್ಲ. ಡಯೊನೀಸಿಯಸ್ ತನ್ನವರನ್ನು ಹೊಗಳಿದ ಬೆನ್ನಿಗೇ, ಇತರರು ರೋಗ ಕಾಣಿಸಿಕೊಂಡವರನ್ನು ಅರೆಜೀವದಲ್ಲಿಯೇ ಬೀದಿಗೆಸೆದು ಓಡಿದರೆಂದು ಬರೆಯುವಾಗ, ಅಥೆನ್ಸಿನ ಮಹಾಮಾರಿಯನ್ನು ಕುರಿತ ಗ್ರೀಕ್ ಇತಿಹಾಸಕಾರ ಥೂಸಿಡಿಡೀಸನ ವರ್ಣನೆಯ ನೆರಳು ಅವನ ಮಾತಿನ ಮೇಲೆ ಬಿದ್ದಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಥೂಸಿಡಿಡೀಸ್, ಕ್ರಿಸ್ತನಿಗೂ ನಾಲ್ಕು ಶತಮಾನ ಮೊದಲೇ, ಗೆಳೆಯರನ್ನು ಕೈಬಿಡಲು ನಾಚಿ ಅವರ ಮನೆಗಳಿಗೆ ಹೋಗಿ ಪ್ರಾಣ ಕಳೆದುಕೊಂಡ ಅಥೆನ್ಸಿನವರನ್ನೂ ಪ್ರಸ್ತಾಪಿಸುತ್ತಾನೆ. ಆದ್ದರಿಂದ ಪರರಿಗಾಗಿ ಸಾಯುವ ಗುಣ ಕ್ರೈಸ್ತರ ಸ್ವಂತ ಸೊತ್ತೆಂದು ಹೇಳುವುದು ಸಲ್ಲದು. ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ 1996ರ ತನ್ನ ಪುಸ್ತಕದಲ್ಲಿ, ನೀರು ಮತ್ತು ಗಂಜಿಯಷ್ಟೇ ಸಿಕ್ಕಿದರೂ ಎಷ್ಟೋ ರೋಗಿಗಳು ಬದುಕುತ್ತಾರೆ, ಹೀಗೆ ಬದುಕುಳಿದವರಿಂದ ಕ್ರೈಸ್ತರ ಪ್ರಮಾಣ ಹೆಚ್ಚಿತು ಎಂದು ವಾದಿಸಿದಾಗ, ಮೊದಲ ಅರ್ಧ ನಂಬುವಂತಿದ್ದರೂ ಎರಡನೆಯ ಅರ್ಧಕ್ಕೆ ಅಂದಿನ ಯಾವ ಜನಗಣತಿಯ ಬೆಂಬಲವೂ ಇಲ್ಲ. ಆದರೆ ಆಚರಣೆಯು ನಿಜವಾಗಿ ಇತ್ತೆಂಬುದಕ್ಕೆ ಅತ್ಯುತ್ತಮ ಸಾಕ್ಷಿ ಒಬ್ಬ ವಿರೋಧಿಯಿಂದ ಬರುತ್ತದೆ. ಹಳೆಯ ದೇವತೆಗಳ ಪೂಜೆಯನ್ನು ಮರಳಿ ತರಲು ಹೊರಟ ಚಕ್ರವರ್ತಿ ಜೂಲಿಯನ್ 362ರಲ್ಲಿ ಗಲಾತ್ಯ ಪ್ರಾಂತದ ಮುಖ್ಯ ಪೂಜಾರಿ ಅರ್ಸಾಸಿಯಸ್‌ನಿಗೆ ಬರೆದ ಪತ್ರದಲ್ಲಿ, 'ಗಲಿಲಾಯದವರು', ಅಂದರೆ ಕ್ರೈಸ್ತರು, ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿರುವುದು ನಾಚಿಕೆಗೇಡೆಂದು ಕಿಡಿಕಾರುತ್ತಾನೆ. ಊರೂರಿನಲ್ಲಿ ಛತ್ರಗಳನ್ನು ತೆರೆಯಲು ಹೇಳಿ, ವರ್ಷಕ್ಕೆ 30,000 ಮೋದಿ, ಅಂದರೆ ರೋಮನ್ ಅಳತೆಯ ಕೊಳಗಗಳಷ್ಟು, ಧಾನ್ಯವನ್ನೂ ಜೊತೆಗೆ ದ್ರಾಕ್ಷಾರಸವನ್ನೂ ಮಂಜೂರು ಮಾಡುತ್ತಾನೆ. ಹೊರಗಿನವರನ್ನೂ ನೋಡಿಕೊಳ್ಳಬೇಕೆ ಎಂದು ಸಿಪ್ರಿಯನ್ ಎತ್ತಿದ ಪ್ರಶ್ನೆಗೆ ನೂರು ವರ್ಷಗಳಲ್ಲಿ ಬಹುಮಟ್ಟಿಗೆ ಉತ್ತರ ದೊರೆತಿತ್ತೆಂಬುದನ್ನು ಈ ಸಿಟ್ಟೇ ಹೇಳುತ್ತದೆ.

ಕಪಡೋಸಿಯದ ಸಿಸೇರಿಯ ನಗರದಲ್ಲಿ, ಇಂದಿನ ತುರ್ಕಿಯ ಕೈಸೇರಿಯಲ್ಲಿ, ಈ ಸೇವೆಗೆ ಗೋಡೆ ಮತ್ತು ಮಾಡು ಬಂದವು. 369ರ ಸುಮಾರಿನ ಭೀಕರ ಬರಗಾಲದಲ್ಲಿ ಗಂಜಿ ಹಂಚಿಸಿದ್ದ ಬೆಸಿಲ್, ಬಿಷಪ್ ಆದ ಮೇಲೆ ಊರ ಹೊರಗೆ ಬಡವರು, ಪ್ರವಾಸಿಗಳು, ರೋಗಿಗಳು ಮತ್ತು ಕುಷ್ಠರೋಗಿಗಳಿಗಾಗಿ ಕಟ್ಟಿಸಿದ ಆಶ್ರಯಧಾಮವು ಮುಂದೆ ಅವನ ಹೆಸರಿನಿಂದಲೇ 'ಬೆಸಿಲಿಯಾಸ್' ಎಂದು ಪ್ರಸಿದ್ಧವಾಯಿತು. ವೈದ್ಯರನ್ನೂ ದಾದಿಯರನ್ನೂ ನೇಮಿಸಿದ್ದರಿಂದ ಆಸ್ಪತ್ರೆಯ ಇತಿಹಾಸ ಬರೆಯುವವರು ಇದನ್ನು ಬಿಡುವುದಿಲ್ಲ. ಎಲ್ಲರೂ ದೂರವಿಟ್ಟ ಕುಷ್ಠರೋಗಿಗಳನ್ನು ಬೆಸಿಲ್ ಸಹೋದರರಂತೆ ಮುದ್ದಿಟ್ಟು ಬರಮಾಡಿಕೊಳ್ಳುತ್ತಿದ್ದನೆಂದು ಅವನ ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ ಸ್ಮರಣಭಾಷಣದಲ್ಲಿ ಹೇಳಿದ್ದಾನೆ. ಸುಮಾರು 390ರಲ್ಲಿ ರೋಮಿನಲ್ಲಿ ಫಾಬಿಯೋಲಾ ಎಂಬ ಸಿರಿವಂತೆ ತನ್ನ ಆಸ್ತಿ ಮಾರಿ ರೋಗಿಗಳಿಗೆ ಮನೆ ತೆರೆದು, ಕೀವು ಸುರಿಯುವ ಹುಣ್ಣುಗಳನ್ನು ತಾನೇ ತೊಳೆದಳೆಂದು ಆ ಕಾಲದ ಕ್ರೈಸ್ತ ವಿದ್ವಾಂಸ ಜೆರೋಮ್ ಬರೆಯುತ್ತಾನೆ.

ಕಟ್ಟಡ, ಹಣ ಮತ್ತು ಅರಮನೆಯ ಕೃಪೆ ಒಟ್ಟಾಗಿ ಬಂದ ಮೇಲೆ ಇದೇ ಸೇವೆ ಅಧಿಕಾರದ ಆಯುಧವೂ ಆಗಬಲ್ಲುದೆಂಬುದನ್ನು ಡಯೊನೀಸಿಯಸ್‌ನ ನಗರವೇ ತೋರಿಸಿಕೊಟ್ಟಿತು. ಐದನೆಯ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ರೋಗಿಗಳ ಆರೈಕೆಗೆಂದು ಬಡವರಿಂದಲೇ ಆಯ್ದ, ಪ್ರಾಣದ ಹಂಗು ತೊರೆದವರೆಂಬ ಖ್ಯಾತಿಯ 'ಪರಬಲಾನಿ' ಎಂಬ ಸೇವಕರ ಪಡೆಯಿತ್ತು. ಅವರು ಬಿಷಪ್‌ನ ಕಡೆಯ ಬಲವಂತಿಗರಾಗಿ ನಡೆದುಕೊಂಡು ಜನರಲ್ಲಿ ಭೀತಿ ಹುಟ್ಟಿಸಿದ್ದಾರೆಂಬ ದೂರು ರಾಜಧಾನಿಗೆ ಹೋಯಿತು. 415ರಲ್ಲಿ ತತ್ತ್ವಜ್ಞಾನಿ ಹೈಪೇಶಿಯಳನ್ನು ಕೊಂದ ಗುಂಪಿನಲ್ಲಿ ಅವರಿದ್ದರೆಂಬುದು ಆಧುನಿಕರ ಊಹೆಯಾಗಿದ್ದು, ಆ ಕಾಲದ ಚರಿತ್ರೆಕಾರ ಸಾಕ್ರೆಟಿಸ್ ಅವರ ಹೆಸರನ್ನು ಹೇಳುವುದಿಲ್ಲ. ಆದರೂ ಅದರ ಮರುವರ್ಷವೇ, 416ರಲ್ಲಿ, ಅವರ ಸಂಖ್ಯೆ 500ನ್ನು ಮೀರಬಾರದೆಂದೂ, ಸಾರ್ವಜನಿಕ ಪ್ರದರ್ಶನಗಳಿಗಾಗಲಿ ನಗರಸಭೆಗಾಗಲಿ ನ್ಯಾಯಾಲಯಕ್ಕಾಗಲಿ ಅವರು ಗುಂಪಾಗಿ ಬರಬಾರದೆಂದೂ ಚಕ್ರವರ್ತಿಯ ಕಾನೂನು ವಿಧಿಸಿತು. 418ರಲ್ಲಿ ಮಿತಿಯನ್ನು 600ಕ್ಕೆ ಏರಿಸಿ, ಆಯ್ಕೆಯ ಅಧಿಕಾರವನ್ನು ಮತ್ತೆ ಬಿಷಪ್‌ನ ಕೈಗೇ ಕೊಡಲಾಯಿತು. ಆತ್ಮಾರ್ಪಣೆಯ ಪ್ರೀತಿಯೇ ಶಿಷ್ಯತ್ವದ ಗುರುತೆಂಬ ಹಳೆಯ ಹೇಳಿಕೆಗೆ ಇತಿಹಾಸದಲ್ಲಿ ಪುರಾವೆ ಹುಡುಕುವವರು ನಿಲ್ಲಬೇಕಾದದ್ದು ರಾಜಾಜ್ಞೆಯಿಂದ ಎಣಿಸಲ್ಪಟ್ಟ ಈ 600 ಮಂದಿಯ ಬಳಿಯಲ್ಲ, ಅವರಿಗಿಂತ ಒಂದೂವರೆ ಶತಮಾನ ಮೊದಲು ಅದೇ ಬೀದಿಗಳಲ್ಲಿ ಯಾವ ಸಂಬಳವೂ ರಕ್ಷಣೆಯೂ ಇಲ್ಲದೆ ಹೆಣ ಹೊತ್ತವರ ಬಳಿ.