ಬಾಂದುಕಲ್ಲು

ಬಾಂದುಕಲ್ಲು ಎಂಬುದು ಜಮೀನಿನ ಅಥವಾ ಗ್ರಾಮದ ಎಲ್ಲೆಯನ್ನು ತೋರಿಸಲು ಸರ್ಕಾರದ ಮೋಜಣಿದಾರರು ನೆಡಿಸಿದ ಕಲ್ಲು. ಹಳೆಯ ಮೈಸೂರು ಸಂಸ್ಥಾನದಲ್ಲಿ 1863ರಿಂದ ಆರಂಭವಾದ ಕಂದಾಯ ಸರ್ವೆಯ ಕಾಲದಲ್ಲಿ ಇಂಥ ಕಲ್ಲುಗಳನ್ನು ಊರೂರಿಗೂ ನೆಡಲಾಯಿತು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೊಲದ ಬದುಗಳ ಮೇಲೆ, ಕಾಲುದಾರಿಗಳ ಪಕ್ಕದಲ್ಲಿ, ಲಂಟಾನ ಪೊದೆಗಳ ನಡುವೆ ಇವು ಇಂದಿಗೂ ಕಾಣಸಿಗುತ್ತವೆ. ನೋಡಿದವರಿಗೆ ಸಾಮಾನ್ಯ ಕಗ್ಗಲ್ಲಿನಂತೆಯೇ ತೋರುವುದರಿಂದ ಬಹಳಷ್ಟು ಕಲ್ಲುಗಳು ಗುರುತಿಲ್ಲದೆ ಕಳೆದುಹೋಗಿವೆ. ಜಮೀನಿನ ಗಡಿ ತಕರಾರುಗಳಲ್ಲಿ ಅಳತೆಗೆ ಆಧಾರವಾಗುವುದು ಹೀಗೆ ಉಳಿದುಕೊಂಡ ಮೂಲ ಕಲ್ಲುಗಳೇ ಆಗಿರುವುದರಿಂದ ಇವುಗಳ ಮಹತ್ವ ಚರಿತ್ರೆಗಷ್ಟೇ ಸೀಮಿತವಲ್ಲ.

ಹೆಸರು ಮತ್ತು ಬಗೆಗಳು

ಆಡುಮಾತಿನಲ್ಲಿ ಗಡಿಕಲ್ಲು, ಎಲ್ಲೆಕಲ್ಲು, ಸರ್ವೆಕಲ್ಲು ಎಂಬ ಹೆಸರುಗಳೂ ಬಳಕೆಯಲ್ಲಿವೆ. ಕಚೇರಿಯ ಕಾಗದಪತ್ರಗಳಲ್ಲಿ ಮಾತ್ರ ‘ಬಾಂದು’ ಎಂಬ ಮಾತು ನಿಂತಿದೆ. ಒಂದು ಸರ್ವೆ ನಂಬರಿನ ಮೂಲೆಗಳಲ್ಲಿಯೂ ಎಲ್ಲೆ ತಿರುಗುವ ಬಾಗುಗಳಲ್ಲಿಯೂ ನೆಟ್ಟ ಕಲ್ಲುಗಳು ಮೊದಲನೆಯ ಬಗೆ. ಎರಡು ಗ್ರಾಮಗಳ ನಡುವಿನ ಎಲ್ಲೆಯ ಕಲ್ಲುಗಳು ಎರಡನೆಯವು. ಮೂರು ಗ್ರಾಮಗಳ ಎಲ್ಲೆಗಳು ಕೂಡುವ ಬಿಂದುವಿನಲ್ಲಿ ನೆಟ್ಟದ್ದನ್ನು ಟ್ರೈಜಂಕ್ಷನ್ ಕಲ್ಲು ಎನ್ನುತ್ತಾರೆ. ಇದು ಮೂರು ಗ್ರಾಮಗಳ ನಕ್ಷೆಯಲ್ಲೂ ಕಾಣಿಸಿಕೊಳ್ಳುವುದರಿಂದ ಉಳಿದೆಲ್ಲ ಕಲ್ಲುಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದುದು.

ಊರ ನಡುವೆ ಪೂಜೆಗೊಳ್ಳುವ ಕರುಗಲ್ಲನ್ನು ಕೆಲವರು ಬಾಂದುಕಲ್ಲೆಂದು ತಿಳಿಯುವುದುಂಟು. ಕರುಗಲ್ಲು ಗ್ರಾಮ ಸ್ಥಾಪನೆಯ ಗುರುತೇ ಹೊರತು ಎಲ್ಲೆಯ ಗುರುತಲ್ಲ. ಹಾಗೆಯೇ ವೀರಗಲ್ಲು, ಮಾಸ್ತಿಕಲ್ಲುಗಳಿಗೂ ಸರ್ವೆಗೂ ಸಂಬಂಧವಿಲ್ಲ.

ಸರ್ವೆಗೆ ಮುಂಚಿನ ಎಲ್ಲೆಕಲ್ಲುಗಳು

ಕಲ್ಲು ನೆಟ್ಟು ಎಲ್ಲೆ ಕಟ್ಟುವ ಪದ್ಧತಿ ಬ್ರಿಟಿಷರಿಂದ ಬಂದದ್ದಲ್ಲ. ದಾನ ಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಮೂಡಲಿಂದ ಆರಂಭಿಸಿ ದಿಕ್ಕು ದಿಕ್ಕಿಗೂ ಹೇಳುತ್ತ, ಕೆರೆಯ ಕೋಡಿ, ಹಳ್ಳ, ಹುಣಿಸೆಮರ, ಹುತ್ತ, ನಟ್ಟ ಕಲ್ಲು ಎಂದು ಒಂದೊಂದನ್ನೂ ಹೆಸರಿಸುವುದು ವಾಡಿಕೆ. ಶೈವ ದೇವಾಲಯಗಳಿಗೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು, ಅಗ್ರಹಾರಗಳಿಗೆ ಕೊಡೆ ಹಿಡಿದ ವಟುವಿನ ವಾಮನಮುದ್ರೆಯ ಕಲ್ಲು, ಜೈನ ಬಸದಿಗಳ ಭೂಮಿಗೆ ಮುಕ್ಕೊಡೆಯ ಕಲ್ಲು ನೆಡುತ್ತಿದ್ದರು. ಅಕ್ಷರ ಬಾರದವರೂ ಓದಬಲ್ಲ ಬರಹ ಇದು. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳು ಸೇರಿವೆ.

ಆ ಕಾಲದಲ್ಲಿ ಜಮೀನಿನ ವಿಸ್ತೀರ್ಣವನ್ನು ಹೇಳುತ್ತಿದ್ದುದು ಬೀಜವರಿಯ ಲೆಕ್ಕದಲ್ಲಿ. ಎಷ್ಟು ಖಂಡುಗ, ಎಷ್ಟು ಕೊಳಗ ಬೀಜ ಹಿಡಿಯುವ ನೆಲ ಎಂಬುದೇ ಅದರ ಅಳತೆ. 20 ಕೊಳಗಕ್ಕೆ ಒಂದು ಖಂಡುಗ. ನೆಲ ಸಾರವತ್ತಾದುದೋ ಬರಡೋ ಎಂಬುದರ ಮೇಲೆ ಖಂಡುಗದ ನೆಲ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ರೈತನ ದೃಷ್ಟಿಯಿಂದ ಇದು ಅರ್ಥಪೂರ್ಣವಾದ ಅಳತೆಯೇ ಆಗಿದ್ದರೂ ಅದನ್ನು ನಕ್ಷೆಯಲ್ಲಿ ಬರೆಯಲಾಗದು.

ತ್ರಿಕೋನಮಿತಿ ಸರ್ವೆಯ ಗುರುತುಗಳು

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬೆನ್ನಿಗೇ ಮೈಸೂರಿನಲ್ಲಿ ಎರಡು ಮೋಜಣಿ ಕಾರ್ಯಗಳು ಮೊದಲಾದವು. ಕಾಲಿನ್ ಮೆಕೆಂಜಿಯ ತಂಡ ಊರು, ಕೆರೆ, ದಾರಿಗಳ ವಿವರ ಕಲೆಹಾಕಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳೆದ ಮತ್ತೊಂದು ರೇಖೆಯಿಂದ ಹೊರಟು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಕಟ್ಟುತ್ತ ಪರ್ಯಾಯ ದ್ವೀಪವನ್ನು ಮಂಗಳೂರಿನವರೆಗೆ ದಾಟಿದನು. ಈ ಕಾರ್ಯಕ್ಕೆ ಸುತ್ತಲೂ ಬಹುದೂರ ಕಾಣುವ ಒಂಟಿ ಬೆಟ್ಟಗಳು ಬೇಕು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸಿಡಿಲು ಮಲ್ಲಿಕಾರ್ಜುನ ದೇವಾಲಯವಿರುವ ಬೆಟ್ಟದಪುರದ ಬೆಟ್ಟ ಅಂಥದು. ಗೆಜೆಟಿಯರುಗಳು ಇದರ ಎತ್ತರವನ್ನು 4,389 ಅಡಿ ಎಂದು ದಾಖಲಿಸಿವೆ.

ತ್ರಿಕೋನಮಿತಿ ಕೇಂದ್ರವಾಗಿದ್ದ ಬೆಟ್ಟಗಳ ನೆತ್ತಿಯಲ್ಲಿ ಹಾಸುಬಂಡೆಯ ಮೇಲೆ ಒಂದು ವೃತ್ತವನ್ನೂ ನಡುವೆ ಚುಕ್ಕಿಯನ್ನೂ ಕೊರೆದು, ಮೇಲೆ ಕಲ್ಲುಗಳ ದಿಬ್ಬ ಕಟ್ಟುವುದು ಪದ್ಧತಿ. ಎತ್ತರದ ಅಳತೆಗೆ ಬೇರೆ ಗುರುತುಗಳಿವೆ: ಸೇತುವೆ, ದೇವಾಲಯದ ಮೆಟ್ಟಿಲು ಅಥವಾ ಹಳೆಯ ಕಟ್ಟಡಗಳ ಕಲ್ಲಿನಲ್ಲಿ ಚೌಕವೊಂದನ್ನು ಕೊರೆದು ಇಂಗ್ಲಿಷಿನ ಜಿ.ಟಿ.ಎಸ್. ಮತ್ತು ಬಿ.ಎಂ. ಅಕ್ಷರಗಳನ್ನು ಬರೆದಿರುತ್ತಾರೆ. ಇವೆರಡೂ ಯಾರ ಜಮೀನಿನ ಎಲ್ಲೆಯನ್ನೂ ಹೇಳುವುದಿಲ್ಲ. ಬೆಂಗಳೂರಿನ ಹೊರವಲಯದ ಕಣ್ಣೂರಿನಲ್ಲಿದ್ದ ಇದೇ ಸರ್ವೆಯ ವೀಕ್ಷಣಾ ಗೋಪುರವೊಂದು 2024ರಲ್ಲಿ ನೆಲಸಮವಾಯಿತು. ರಾಜಧಾನಿಯ ಗೋಪುರಕ್ಕೇ ಈ ಗತಿಯಾದಾಗ ಹಳ್ಳಿಯ ಬೆಟ್ಟದ ಮೇಲಿನ ವೃತ್ತವನ್ನು ಕೇಳುವವರು ವಿರಳ.

ಕಂದಾಯ ಸರ್ವೆ

ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪ್ರಾಂತ್ಯದ ಮಾದರಿಯ ಸರ್ವೆ ಮತ್ತು ಸೆಟ್ಲ್‌ಮೆಂಟ್ ಕಾರ್ಯ ಆರಂಭವಾಯಿತು. ಪ್ರತಿಯೊಂದು ಗ್ರಾಮವನ್ನು ಸರ್ವೆ ನಂಬರುಗಳಾಗಿ ವಿಂಗಡಿಸಿ, ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವರ್ಗೀಕರಿಸಿ, ಕಂದಾಯ ನಿಗದಿ ಮಾಡಲಾಯಿತು. ವ್ಯವಸಾಯಕ್ಕೆ ಬಾರದ ನೆಲ ಖರಾಬು ಎನಿಸಿಕೊಂಡಿತು. ದನಕರುಗಳ ಮೇವಿಗೆ ಗೋಮಾಳ ಉಳಿಯಿತು.

ಅಳತೆಯ ಸಾಧನ 33 ಅಡಿ ಉದ್ದದ ಸರಪಳಿ. ಅದರಲ್ಲಿ 16 ಆಣೆಗಳು; ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಅಂಗುಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ನಾವು ದಿನನಿತ್ಯ ಬಳಸುವ ಗುಂಟೆಯ ಹಿಂದೆ ಒಂದು ಕಬ್ಬಿಣದ ಸರಪಳಿಯಿದೆ ಎಂಬುದು ಇಂದು ಎಷ್ಟೋ ಮಂದಿಗೆ ತಿಳಿಯದು. ಜಮೀನಿನ ನಡುವೆ ಒಂದು ನೇರ ಗೆರೆ ಹಿಡಿದು, ಅದರಿಂದ ಎಡಬಲಕ್ಕೆ ಪ್ರತಿ ಮೂಲೆಗೂ ಲಂಬ ಎಳೆದು, ಎಷ್ಟು ಸರಪಳಿ ಎಷ್ಟು ಆಣೆ ಎಂದು ಬರೆದುಕೊಳ್ಳುತ್ತಿದ್ದರು. ಲಂಬ ಹಿಡಿಯಲು ಕ್ರಾಸ್‌ಸ್ಟಾಫ್ ಎಂಬ ಸರಳ ಉಪಕರಣವಿತ್ತು. ಹೀಗೆ ಬರೆದ ಕೈನಕ್ಷೆಗೆ ಟಿಪ್ಪಣಿ ಎಂದು ಹೆಸರು. ಟಿಪ್ಪಣಿಯಲ್ಲಿ ಚಿತ್ರ ಅಳತೆಗೆ ತಕ್ಕಂತೆ ಇರುವುದಿಲ್ಲ. ಅದರಲ್ಲಿ ನಂಬಬೇಕಾದುದು ಅಂಕಿಗಳನ್ನು. ಅಳತೆ ಮುಗಿದ ಮೂಲೆಗಳಲ್ಲಿ ಕಲ್ಲು ನೆಡಲಾಗುತ್ತಿತ್ತು. ಒಟ್ಟು ವಿಸ್ತೀರ್ಣ, ಖರಾಬು ಮತ್ತು ಕಂದಾಯದ ಆಕಾರಗಳನ್ನು ಆಕಾರ್‌ಬಂದ್ ಎಂಬ ದಾಖಲೆಯಲ್ಲಿ ಬರೆಯಲಾಯಿತು.

ಕಲ್ಲು ಮತ್ತು ಕಾಗದ

ಬಾಂದುಕಲ್ಲಿನ ಮೇಲೆ ಸಾಮಾನ್ಯವಾಗಿ ಹೆಸರಾಗಲಿ ಅಂಕಿಯಾಗಲಿ ಇರುವುದಿಲ್ಲ. ಅದು ತಾನಿರುವ ಸ್ಥಳದಿಂದಷ್ಟೇ ಮಾತನಾಡುತ್ತದೆ. ಸ್ಥಳದಿಂದ ಕಿತ್ತ ಕ್ಷಣದಲ್ಲಿ ಅದು ಮಾತು ಕಳೆದುಕೊಂಡು ಬರಿಯ ಕಲ್ಲಾಗುತ್ತದೆ. ಮತ್ತೆ ಅಲ್ಲಿಯೇ ಹೂತರೂ ಹಳೆಯ ಪ್ರಮಾಣ ಅದಕ್ಕೆ ಬಾರದು. ಶಾಸನದ ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಒಯ್ದರೂ ಅದರ ಬರಹ ಉಳಿಯುತ್ತದೆ. ಬಾಂದುಕಲ್ಲಿನ ವಿಷಯ ಹಾಗಲ್ಲ.

ಗಡಿಯ ತಕರಾರು ಬಂದಾಗ ರೈತನು ಹದ್ದುಬಸ್ತಿಗೆ ಅರ್ಜಿ ಹಾಕುತ್ತಾನೆ. ಭೂಮಾಪಕರು ಟಿಪ್ಪಣಿಯ ಪ್ರತಿ ಹಿಡಿದು ಬಂದು ಮೊದಲು ಹುಡುಕುವುದು ಅಲುಗಾಡದೆ ಉಳಿದ ಹಳೆಯ ಕಲ್ಲುಗಳನ್ನು. ಅಂಥ ಕಲ್ಲುಗಳ ನಡುವಿನ ಅಂತರವನ್ನು ಟಿಪ್ಪಣಿಯ ಅಂಕಿಯೊಂದಿಗೆ ಹೋಲಿಸಿ, ತಾಳೆಯಾದರೆ ಅವುಗಳಿಂದ ಉಳಿದ ಮೂಲೆಗಳನ್ನು ಮರಳಿ ಗುರುತಿಸುತ್ತಾರೆ. ಆ ಸರ್ವೆ ನಂಬರಿನಲ್ಲಿ ಒಂದು ಕಲ್ಲೂ ಇಲ್ಲವಾದರೆ ಪಕ್ಕದ ನಂಬರಿಗೆ, ಅಲ್ಲಿಯೂ ಇಲ್ಲವಾದರೆ ಗ್ರಾಮದ ಎಲ್ಲೆಗೆ, ಟ್ರೈಜಂಕ್ಷನ್ ಕಲ್ಲಿಗೆ ಹೋಗಬೇಕಾಗುತ್ತದೆ. ದೂರ ಹೆಚ್ಚಿದಂತೆ ಅಳತೆಯ ವ್ಯತ್ಯಾಸವೂ ಹೆಚ್ಚುತ್ತದೆ. ಅರ್ಧ ಎಕರೆ ಹಿಡುವಳಿಯ ಕುಟುಂಬಕ್ಕೆ ಎರಡು ಗುಂಟೆಯ ವ್ಯತ್ಯಾಸ ಸಣ್ಣದಲ್ಲ. ಆದುದರಿಂದ ಒಬ್ಬನ ಹೊಲದ ಮೂಲೆಯ ಕಲ್ಲು ಆತನೊಬ್ಬನ ಸ್ವತ್ತಲ್ಲ, ಸುತ್ತಲಿನ ಹತ್ತು ಹಿಡುವಳಿಗಳಿಗೆ ಸಾಕ್ಷಿ.

ಕಲ್ಲಿಗೂ ಕಾಗದಕ್ಕೂ ನಡುವೆ ಇನ್ನೊಂದು ಕೊಂಡಿಯಿತ್ತು. ಶಾನುಭೋಗ, ಪಟೇಲ, ತಳವಾರ, ತೋಟಿಗಳು ವಂಶಪಾರಂಪರ್ಯವಾಗಿ ಊರಿನ ಎಲ್ಲೆಗಳನ್ನು ಬಲ್ಲವರಾಗಿದ್ದರು. ಪೊದೆ ಬೆಳೆದು ಮುಚ್ಚಿದ ಕಲ್ಲನ್ನೂ ತೋಟಿ ಕಣ್ಣುಮುಚ್ಚಿ ತೋರಿಸಬಲ್ಲವನಾಗಿದ್ದ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಈ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದ ಬರುವ ಅಧಿಕಾರವನ್ನೂ ಬಿಟ್ಟಿ ಚಾಕರಿಯನ್ನೂ ತೆಗೆದುಹಾಕಿದ್ದು ನ್ಯಾಯವೇ ಸರಿ. ಆದರೆ ಅವರ ನೆನಪಿನಲ್ಲಿದ್ದ ಎಲ್ಲೆಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ನಡೆಯಲಿಲ್ಲ. ಅದೇ ದಶಕಗಳಲ್ಲಿ ಗೋಮಾಳಗಳಲ್ಲಿ ದರಖಾಸ್ತಿನ ಮೇರೆಗೆ ಒಂದೇ ಸರ್ವೆ ನಂಬರಿನಲ್ಲಿ ಹಲವರಿಗೆ ಭೂಮಿ ಮಂಜೂರಾಗಿ, ಪೋಡಿಯಾಗದೆ ಉಳಿದವು. ಇಂಥ ಕಡೆ ಪಹಣಿಯಲ್ಲಿ ಹೆಸರಿದೆ, ನೆಲದ ಮೇಲೆ ಕಲ್ಲಿಲ್ಲ.

ಕಾಡಿನ ಅಂಚು

ಹೆಗ್ಗಡದೇವನಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣ ತಾಲ್ಲೂಕುಗಳ ಪಶ್ಚಿಮದಂಚು ನಾಗರಹೊಳೆ ಅರಣ್ಯಕ್ಕೆ ತಾಗುತ್ತದೆ. 1955ರಲ್ಲಿ ವನ್ಯಧಾಮವಾಗಿ ಆರಂಭವಾದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿ ಕಂದಾಯ ಇಲಾಖೆಯ ಕಲ್ಲಿನ ಜೊತೆಗೆ ಅರಣ್ಯ ಇಲಾಖೆಯ ಕಲ್ಲುಗಳೂ ಇವೆ. ಎರಡೂ ಇಲಾಖೆಗಳ ಎಲ್ಲೆಗಳು ನಕ್ಷೆಯಲ್ಲಿ ಒಂದರ ಮೇಲೊಂದು ಕೂರದಿದ್ದಾಗ ನಡುವೆ ಸಿಕ್ಕಿಕೊಳ್ಳುವವರು ಅಂಚಿನ ಸಾಗುವಳಿದಾರರು.

ಈ ಕಾಡಿನಲ್ಲಿ ಬದುಕಿದ ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಹಾಡಿಗಳಿಗೆ ಸರ್ವೆಕಲ್ಲುಗಳಿರಲಿಲ್ಲ. ಹಳ್ಳ, ಮರ, ದೇವರ ಗುಡಿ, ಹಿರಿಯರ ಸಮಾಧಿಗಳೇ ಅವರ ಎಲ್ಲೆ. 2006ರ ಅರಣ್ಯ ಹಕ್ಕುಗಳ ಕಾಯ್ದೆ ಬಂದ ಮೇಲೆ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ವಾಸವಾಗಿದ್ದ ಬುಡಕಟ್ಟು ಕುಟುಂಬಗಳು ಹಕ್ಕು ಕೇಳಬಹುದಾಯಿತು. ಸಮಾಧಿ, ಬಾವಿ, ಪವಿತ್ರ ಸ್ಥಳಗಳನ್ನೂ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಲು ಅದರ ನಿಯಮಗಳು ಅವಕಾಶ ಕೊಟ್ಟಿವೆ. ಕಲ್ಲು ಮತ್ತು ಸರಪಳಿಯ ಲೆಕ್ಕವೊಂದೇ ನೆಲದ ಲೆಕ್ಕವಲ್ಲ ಎಂಬುದನ್ನು ಕಾನೂನು ಒಪ್ಪಿದ ಸಂದರ್ಭವಿದು.

ಕಬಿನಿ ಮತ್ತು ಕಾವೇರಿಯ ದಂಡೆಗಳ ಕತೆ ಬೇರೆ. ಬೀಚನಹಳ್ಳಿಯ ಬಳಿಯ ಕಬಿನಿ ಜಲಾಶಯದಲ್ಲಿಯೂ, ಅದಕ್ಕೆ ಮುಂಚೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಅಳೆದು ಕಲ್ಲು ನೆಟ್ಟಿದ್ದ ಎಷ್ಟೋ ಗ್ರಾಮಗಳು ಮುಳುಗಿದವು. ಹಿಂದೆ ಯಡತೊರೆ ಎನ್ನಿಸಿಕೊಂಡಿದ್ದ ಕೃಷ್ಣರಾಜನಗರ ತಾಲ್ಲೂಕಿನ ಕೆಲವು ಊರುಗಳ ಹಳೆಯ ನಕ್ಷೆಗಳು ಹೀಗೆ ನೀರಿನ ಕೆಳಗಿನ ನೆಲದ ನಕ್ಷೆಗಳಾಗಿವೆ.

ಗುರುತಿಸುವ ಬಗೆ

ಒಂಟಿಯಾಗಿ ನೆಟ್ಟಗೆ ನಿಂತು, ಬುಡ ಆಳಕ್ಕೆ ಹೂತಿರುವ ಒರಟು ಕಲ್ಲು ಎರಡು ಬದುಗಳು ಕೂಡುವಲ್ಲಿ ಇದ್ದರೆ ಅದು ಬಾಂದುಕಲ್ಲಾಗಿರುವ ಸಂಭವ ಹೆಚ್ಚು. ಮೇಲ್ಭಾಗದಲ್ಲಿ ಉಳಿಯಿಂದ ಹೊಡೆದ ಗೆರೆ ಅಥವಾ ಕೂಡುಗೆರೆ ಇದ್ದರೆ ಸಂದೇಹ ಇನ್ನಷ್ಟು ಕಡಿಮೆಯಾಗುತ್ತದೆ. ಖಚಿತಪಡಿಸಲು ಗ್ರಾಮ ನಕ್ಷೆ ಮತ್ತು ಟಿಪ್ಪಣಿಯೇ ಬೇಕು. ಸರ್ವೆ ಇಲಾಖೆಯ ದಿಶಾಂಕ್ ಎಂಬ ಮೊಬೈಲ್ ತಂತ್ರಾಂಶ ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುತ್ತದೆ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರುಗಳಷ್ಟು ಆಚೀಚೆ ಆಗುವುದರಿಂದ ಅದು ಎಲ್ಲೆ ತೀರ್ಮಾನಕ್ಕೆ ಸಲ್ಲದು. ಕಲ್ಲು ಕಂಡವರು ಅದನ್ನು ಅಲುಗಿಸದೆ, ಸುತ್ತ ಅಗೆಯದೆ, ಛಾಯಾಚಿತ್ರ ತೆಗೆದು ಸ್ಥಳ ಬರೆದುಕೊಳ್ಳುವುದು ಸರಿಯಾದ ಕ್ರಮ. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ನಡೆದಾಡುವಂತಿಲ್ಲ.

ಕಾನೂನು

1888ರ ಮೈಸೂರು ಭೂ ಕಂದಾಯ ಸಂಹಿತೆಯ ಬದಲಿಗೆ ಬಂದ 1964ರ ಭೂ ಕಂದಾಯ ಕಾಯ್ದೆಯು ಎಲ್ಲೆ ಗುರುತುಗಳ ರಕ್ಷಣೆಯ ಹೊಣೆಯನ್ನು ಹಿಡುವಳಿದಾರನ ಮೇಲೆ ಇರಿಸಿ, ಅವುಗಳನ್ನು ಹಾಳುಗೆಡವಿದವರಿಗೆ ದಂಡ ವಿಧಿಸುತ್ತದೆ. ಸರ್ಕಾರಿ ನೌಕರನು ನೆಟ್ಟ ಗುರುತನ್ನು ನಾಶಪಡಿಸುವುದು ಅಥವಾ ಸರಿಸುವುದು ಭಾರತೀಯ ದಂಡ ಸಂಹಿತೆಯ 434ನೆಯ ಕಲಮಿನಡಿ ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವಾಗಿತ್ತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ.

ಇಂದಿನ ಸ್ಥಿತಿ

ಎತ್ತಿನ ನೇಗಿಲು ಕಲ್ಲನ್ನು ಸುತ್ತಿಕೊಂಡು ಹೋಗುತ್ತಿತ್ತು. ಟ್ರ್ಯಾಕ್ಟರು ಮತ್ತು ಜೆಸಿಬಿಗಳಿಗೆ ಆ ವ್ಯವಧಾನವಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿ ಬದು ಒಡೆದು ನೆಲ ಸಮ ಮಾಡುವಾಗ, ರಸ್ತೆ ಅಗಲ ಮಾಡುವಾಗ, ಕಾಡಂಚಿನಲ್ಲಿ ಆನೆ ಕಂದಕ ತೋಡುವಾಗ ಕಲ್ಲುಗಳು ಕಿತ್ತುಬರುತ್ತವೆ. ಕಿತ್ತ ಕಲ್ಲು ಕೊಟ್ಟಿಗೆಯ ಗೂಟವೋ ಬಟ್ಟೆ ಒಗೆಯುವ ಕಲ್ಲೋ ಆಗುವುದುಂಟು. ಅರಿಸಿನ ಕುಂಕುಮ ಹಚ್ಚಿಸಿಕೊಂಡು ದೇವರಾದ ಕಲ್ಲುಗಳು ಮಾತ್ರ ಸುರಕ್ಷಿತವಾಗಿವೆ.

ಡ್ರೋನ್ ಮತ್ತು ಉಪಗ್ರಹ ಆಧಾರಿತ ಮರುಮೋಜಣಿಯಿಂದ ಪ್ರತಿ ಮೂಲೆಗೂ ಅಕ್ಷಾಂಶ, ರೇಖಾಂಶಗಳು ದೊರೆಯುತ್ತವೆ. ಆದರೂ ಯಾವ ಬಿಂದುವನ್ನು ಮೂಲೆ ಎಂದು ಹಿಡಿಯಬೇಕು ಎಂಬುದನ್ನು ತೀರ್ಮಾನಿಸಲು ಮೂಲ ಟಿಪ್ಪಣಿ ಮತ್ತು ಉಳಿದ ಕಲ್ಲುಗಳನ್ನೇ ನೋಡಬೇಕು. ಅಂತರರಾಜ್ಯ ಗಡಿಯಲ್ಲಿ ತೊಡಕು ಇನ್ನೂ ಒಂದು ಬಗೆಯದು. ಹೆಗ್ಗಡದೇವನಕೋಟೆಯ ಆಚೆಗಿನ ವಯನಾಡು ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು; ಅಲ್ಲಿಯ ಲೆಕ್ಕ ಎಕರೆ ಮತ್ತು ಸೆಂಟುಗಳದು, 100 ಸೆಂಟಿಗೆ ಒಂದು ಎಕರೆ. ಪಿರಿಯಾಪಟ್ಟಣಕ್ಕೆ ತಾಗಿದ ಕೊಡಗಿನಲ್ಲಿಯೂ ಸೆಂಟೇ ಬಳಕೆಯಲ್ಲಿದೆ. ಒಂದೇ ಎಲ್ಲೆಯ ಈಚೆಗಿನ ರೈತ ತನ್ನ ನೆಲವನ್ನು ಗುಂಟೆಯಲ್ಲಿಯೂ ಆಚೆಗಿನವನು ಸೆಂಟಿನಲ್ಲಿಯೂ ಇಂದಿಗೂ ಎಣಿಸುತ್ತಾರೆ.