ಅಂಗ ಕಸಿ: ದೇಹ ತನ್ನದನ್ನು ಗುರುತಿಸುವ ಬಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ, ಪುರಾಣಕಥೆಗಳ ಪಟ್ಟಿಕೆಯ ಮೇಲೆ, ಮಕರಗಳ ಸಾಲೊಂದಿದೆ. ಸೊಂಡಿಲು ಆನೆಯದು, ದವಡೆ ಮೊಸಳೆಯದು, ಮೈ ಹಂದಿಯದು, ಬಾಲ ನವಿಲಿನದು. ಬೇಲೂರಿನ ದೇವಾಲಯದಲ್ಲೂ ಈ ಪ್ರಾಣಿ ಉಂಟು. ನಾಲ್ಕು ಪ್ರಾಣಿಗಳ ಅಂಗಗಳನ್ನು ಬಳಪದ ಕಲ್ಲಿನಲ್ಲಿ ಜೋಡಿಸಲು ಶಿಲ್ಪಿಗೆ ಉಳಿ ಸಾಕಾಯಿತು. ಜೀವಂತ ದೇಹದ ವಿಷಯ ಹಾಗಲ್ಲ. ಒಬ್ಬ ಮನುಷ್ಯನ ಅಂಗವನ್ನು ಇನ್ನೊಬ್ಬ ಮನುಷ್ಯನ ಮೈ ಕೂಡ ಒಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ಅರಸೀಕೆರೆಯಿಂದ ಹಳೇಬೀಡಿಗೆ ಹೊರಟಿದ್ದೆ. ಜೊತೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಇದ್ದ. ಈಗ ಅವನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಸ್ಸು ಜಾವಗಲ್ ದಾಟುತ್ತಿದ್ದಾಗ, ಎಂಟು ಗಂಟೆಗೆ ಸರಿಯಾಗಿ, ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಮಾತ್ರೆ ನುಂಗಿದ. ಅವನ ಕಿಬ್ಬೊಟ್ಟೆಯಲ್ಲಿ ಕೆಲಸ ಮಾಡುತ್ತಿರುವುದು ಅವನ ತಾಯಿಯ ಮೂತ್ರಪಿಂಡ. "ಸಾರ್, ಅಮ್ಮ ಕೊಟ್ಟಿದ್ದನ್ನೂ ನನ್ನ ಮೈ ಪರರದು ಅನ್ನುತ್ತಲ್ಲ, ಯಾಕೆ?" ಎಂದು ಕೇಳಿದ. ನಾನು ಭೌತವಿಜ್ಞಾನ ಕಲಿಸುವವನು. ಆ ದಿನ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆಮೇಲೆ ಓದಿಕೊಂಡೆ.

ಮೊದಲಿಗೆ ಎಲ್ಲರನ್ನೂ ದಾರಿ ತಪ್ಪಿಸಿದ್ದು ಒಂದು ಯಶಸ್ಸು. 1905ರ ಡಿಸೆಂಬರಿನಲ್ಲಿ, ಈಗಿನ ಚೆಕ್ ದೇಶದ ಓಲೊಮೌಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ತ್ಸಿರ್ಮ್ ಎಂಬ ವೈದ್ಯ ಒಬ್ಬನ ಕಣ್ಣಿನ ಕಾರ್ನಿಯಾವನ್ನು ಇನ್ನೊಬ್ಬನಿಗೆ ಹಾಕಿದ. ಅದು ಉಳಿಯಿತು, ರೋಗಿಗೆ ದೃಷ್ಟಿ ಬಂತು. ಅದೇ ಕಾಲದಲ್ಲಿ ಅಲೆಕ್ಸಿಸ್ ಕ್ಯಾರೆಲ್ ರಕ್ತನಾಳಗಳನ್ನು ಹೊಲಿಯುವ ನಾಜೂಕಾದ ವಿಧಾನ ಕಂಡುಹಿಡಿದು 1912ರಲ್ಲಿ ನೊಬೆಲ್ ಬಹುಮಾನ ಪಡೆದ. ಇನ್ನೇನು, ಅಂಗ ಕಸಿ ಎಂದರೆ ಬರೀ ಕೈಚಳಕದ ಮಾತು ಎನಿಸಿತು. ಆದರೆ ಒಂದು ನಾಯಿಯಿಂದ ಇನ್ನೊಂದಕ್ಕೆ ಹಾಕಿದ ಮೂತ್ರಪಿಂಡ, ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ, ಕೆಲವು ದಿನ ಮೂತ್ರ ಸೋಸಿ ಊದಿಕೊಂಡು ಸಾಯುತ್ತಿತ್ತು. 1933ರಲ್ಲಿ ಉಕ್ರೇನಿನ ವೊರೊನೊಯ್ ಮೃತ ದಾನಿಯ ಮೂತ್ರಪಿಂಡವನ್ನು ಮನುಷ್ಯನಿಗೇ ಹಾಕಿ ನೋಡಿದ. ರೋಗಿ ಎರಡು ದಿನದಲ್ಲಿ ತೀರಿಕೊಂಡಳು.

ಯುದ್ಧದ ಸುಟ್ಟಗಾಯಗಳು ಈ ಪ್ರಶ್ನೆಯನ್ನು ಪೀಟರ್ ಮೆಡಾವರ್ ಎಂಬ ಪ್ರಾಣಿವಿಜ್ಞಾನಿಯ ಮುಂದೆ ತಂದವು. ಗ್ಲಾಸ್ಗೋದಲ್ಲಿ ಆತ ಮತ್ತು ಶಸ್ತ್ರವೈದ್ಯ ಥಾಮಸ್ ಗಿಬ್ಸನ್, ಸುಟ್ಟಗಾಯದ ರೋಗಿಯೊಬ್ಬಳಿಗೆ ಅವಳ ಸಹೋದರನ ಚರ್ಮದ ತುಣುಕುಗಳನ್ನು ಹಚ್ಚಿದರು. ಅವು ಉಳಿಯಲಿಲ್ಲ. ಎರಡನೆಯ ಬಾರಿ ಅದೇ ದಾನಿಯ ಚರ್ಮ ಹಚ್ಚಿದಾಗ ಮೊದಲಿಗಿಂತ ಬೇಗ ಉದುರಿತು. 1943ರಲ್ಲಿ ಪ್ರಕಟವಾದ ಈ ಪ್ರಬಂಧದ ತಿರುಳು ಇಷ್ಟೇ: ದೇಹಕ್ಕೆ ನೆನಪಿದೆ. ದಡಾರ ಒಮ್ಮೆ ಬಂದವರಿಗೆ ಮತ್ತೆ ಬಾರದಂತೆ ಕಾಯುವ ವ್ಯವಸ್ಥೆ ಯಾವುದೋ, ಕಸಿಯನ್ನು ಕೊಲ್ಲುವುದೂ ಅದೇ.

ಮುಂದಿನ ಸುಳಿವು ಬಂದದ್ದು ದನದ ಕೊಟ್ಟಿಗೆಯಿಂದ. ಅರಸೀಕೆರೆಯಿಂದ ರೈಲಿನಲ್ಲಿ ಬೀರೂರು ದಾಟಿದರೆ ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರ ಸಿಗುತ್ತದೆ. ಅಂಥ ಕಡೆ ದನ ಸಾಕಿದವರನ್ನು ಕೇಳಿ ನೋಡಿ: ಹಸು ಅವಳಿ ಹಾಕಿ, ಒಂದು ಹೋರಿಗರು ಇನ್ನೊಂದು ಹೆಣ್ಣುಗರು ಆದರೆ, ಆ ಹೆಣ್ಣು ಬಹುಪಾಲು ಗೊಡ್ಡು. ಗರ್ಭದಲ್ಲಿ ಎರಡರ ರಕ್ತನಾಳಗಳೂ ಕೂಡಿಕೊಂಡು, ಹೋರಿಗರುವಿನ ಸ್ರಾವಗಳು ಹೆಣ್ಣಿಗೆ ಹರಿಯುವುದೇ ಇದಕ್ಕೆ ಕಾರಣ. ಅಮೆರಿಕದ ರೇ ಓವೆನ್ 1945ರಲ್ಲಿ ಇನ್ನೂ ವಿಚಿತ್ರವಾದುದನ್ನು ಕಂಡ. ಇಂಥ ಅವಳಿಗಳ ರಕ್ತದಲ್ಲಿ ಎರಡು ಬಗೆಯ ಕಣಗಳು, ತನ್ನವೂ ಜೊತೆಯದರವೂ, ಜೀವನಪೂರ್ತಿ ಒಟ್ಟಿಗೆ ಇರುತ್ತವೆ. ಯಾವುದೂ ಯಾವುದನ್ನೂ ತಿರಸ್ಕರಿಸುವುದಿಲ್ಲ. ಇಂಥ ಪ್ರಾಣಿಗೆ ಜೀವವಿಜ್ಞಾನಿಗಳು ಕೈಮೀರ ಎನ್ನುತ್ತಾರೆ. ಸಿಂಹ, ಆಡು, ಹಾವು ಸೇರಿದ ಗ್ರೀಕರ ಕಲ್ಪನೆಯ ಮೃಗದ ಹೆಸರದು. ನಮ್ಮವರು ಹೆಸರಿಟ್ಟಿದ್ದರೆ ಮಕರ ಎನ್ನುತ್ತಿದ್ದರೇನೋ.

ಮೆಡಾವರ್‌ಗೆ ಮೊದಲು ಇದು ಗೊತ್ತಿರಲಿಲ್ಲ. ದನಗಳಲ್ಲಿ ಏಕರೂಪಿ ಅವಳಿ ಯಾವುದು, ಸಾಧಾರಣ ಅವಳಿ ಯಾವುದು ಎಂದು ತಿಳಿಯುವುದು ಹೇಗೆ ಎಂದು ತಳಿತಜ್ಞರೊಬ್ಬರು ಕೇಳಿದಾಗ, ಸುಲಭ, ಚರ್ಮ ಅದಲುಬದಲು ಮಾಡಿ ನೋಡೋಣ ಎಂದ. ಸಹೋದ್ಯೋಗಿ ಬಿಲ್ಲಿಂಗ್‌ಹ್ಯಾಮ್ ಜೊತೆ ಮಾಡಿಯೂ ನೋಡಿದ. ಗಂಡು-ಹೆಣ್ಣು ಅವಳಿಗಳೂ ಪರಸ್ಪರ ಚರ್ಮವನ್ನು ಒಪ್ಪಿಕೊಂಡವು! ಲೆಕ್ಕ ತಪ್ಪಿದಾಗಲೇ ಹೊಸದು ಕಾಣುವುದು. ಓವೆನ್‌ನ ಕೆಲಸ ಓದಿದ ಮೇಲೆ ಅರ್ಥವಾಯಿತು. ತನ್ನದು ಯಾವುದು, ಪರರದು ಯಾವುದು ಎಂಬ ಪಾಠವನ್ನು ದೇಹ ಹುಟ್ಟುವ ಮುನ್ನ, ಹುಟ್ಟುವ ಹೊತ್ತಿನ ಆಸುಪಾಸಿನಲ್ಲಿ ಕಲಿಯುತ್ತದೆ. ಆಗ ಒಳಗೆ ಇದ್ದದ್ದೆಲ್ಲ ತನ್ನದೇ. 1953ರಲ್ಲಿ ಇಲಿಮರಿಗಳಿಗೆ ಗರ್ಭದಲ್ಲಿರುವಾಗಲೇ ಬೇರೆ ತಳಿಯ ಜೀವಕೋಶ ಚುಚ್ಚಿ, ದೊಡ್ಡವಾದಾಗ ಅವು ಆ ತಳಿಯ ಚರ್ಮವನ್ನು ಒಪ್ಪುತ್ತವೆಂದು ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡಾವರ್ ತೋರಿಸಿದರು. 1960ರ ನೊಬೆಲ್ ಮೆಡಾವರ್‌ಗೂ, ಈ ಕಲ್ಪನೆಯನ್ನು ಮುಂದಿಟ್ಟಿದ್ದ ಬರ್ನೆಟ್‌ಗೂ ಸಂದಿತು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಜೀವಕೋಶಗಳ ಮೈಮೇಲಿನ ಗುರುತಿನ ಪ್ರೋಟೀನುಗಳಲ್ಲಿ (ವೈದ್ಯರ ಮಾತಿನಲ್ಲಿ ಎಚ್.ಎಲ್.ಎ.) ಅರ್ಧ ಕಂತೆ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ತಾಯಿಯ ಇನ್ನೊಂದು ಅರ್ಧ ಮಗನಲ್ಲಿ ಇಲ್ಲ. ಅವನ ಬಿಳಿ ರಕ್ತಕಣಗಳಿಗೆ ಅದು ಅಪರಿಚಿತ. ಒಡಹುಟ್ಟಿದವರಲ್ಲಿ ಎರಡೂ ಕಂತೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಪೂರಾ ಹೊಂದುವುದು ಏಕರೂಪಿ ಅವಳಿ ಮಾತ್ರ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರೆ ಮಾಡಿದ, ದೀರ್ಘಕಾಲ ಉಳಿದ ಮೊದಲ ಮೂತ್ರಪಿಂಡ ಕಸಿ ಅಂಥ ಅವಳಿಗಳಲ್ಲಿಯೇ ನಡೆಯಿತು. ಪಡೆದವನು ಎಂಟು ವರ್ಷ ಬದುಕಿದ.

ಅವಳಿ ಇಲ್ಲದವರ ಗತಿ? ನಮ್ಮ ಭೌತವಿಜ್ಞಾನ ಕೊಟ್ಟ ಎಕ್ಸ್-ಕಿರಣಗಳಿಂದ ಇಡೀ ದೇಹದ ರಕ್ಷಣೆಯನ್ನು ಅಡಗಿಸಲು ಬಾಸ್ಟನ್, ಪ್ಯಾರಿಸ್‌ಗಳಲ್ಲಿ ನೋಡಿದರು. ಹೆಚ್ಚಿನ ರೋಗಿಗಳು ಸೋಂಕಿನಿಂದ ಸತ್ತರು. 1960ರ ದಶಕದ ಮೊದಲಲ್ಲಿ ಅಜಾಥಯೋಪ್ರಿನ್ ಮತ್ತು ಸ್ಟಿರಾಯ್ಡ್ ಮಾತ್ರೆಗಳು ಬಂದ ಮೇಲೆಯೇ ಕಸಿ ಚಿಕಿತ್ಸೆ ಎನಿಸಿಕೊಂಡಿತು. ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆಯಿತು. ನಾರ್ವೆಯ ಪ್ರಸ್ಥಭೂಮಿಯ ಮಣ್ಣಿನಲ್ಲಿದ್ದ ಬೂಷ್ಟಿನಿಂದ ಸೈಕ್ಲೋಸ್ಪೊರಿನ್ ಸಿಕ್ಕಿತು. 1978ರಲ್ಲಿ ಕೇಂಬ್ರಿಜ್‌ನ ರಾಯ್ ಕಾಲ್ನ್ ಅದನ್ನು ರೋಗಿಗಳಿಗೆ ಕೊಟ್ಟ. ನನ್ನ ವಿದ್ಯಾರ್ಥಿ ನುಂಗುವ ಟ್ಯಾಕ್ರೊಲಿಮಸ್ 1984ರಲ್ಲಿ ಜಪಾನಿನ ಮಣ್ಣಿನಲ್ಲಿ ಕಂಡದ್ದು.

1970ರ ದಶಕದಲ್ಲಿ ಮೃತ ದಾನಿಗಳ ಮೂತ್ರಪಿಂಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಒಂದು ವರ್ಷ ದಾಟುತ್ತಿದ್ದವು. ಸೈಕ್ಲೋಸ್ಪೊರಿನ್ ಕಾಲಕ್ಕೆ ಇದು ಶೇಕಡಾ 80ನ್ನು ಮುಟ್ಟಿತು. ಈಗ ಒಳ್ಳೆಯ ಕೇಂದ್ರಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು. ಮೊದಲ ವರ್ಷದ ನಂತರದ ಲೆಕ್ಕಕ್ಕೆ ವೈದ್ಯರು ನಮ್ಮಿಂದ ಒಂದು ಪದ ಎರವಲು ಪಡೆದಿದ್ದಾರೆ: ಅರ್ಧಾಯು. ಉಳಿದ ಕಸಿಗಳ ಸಂಖ್ಯೆಯನ್ನು ಲಾಗರಿದಮ್ ಗ್ರಾಫಿನಲ್ಲಿ ಗುರುತಿಸಿದರೆ ವಿಕಿರಣ ವಸ್ತುವಿನಂತೆಯೇ ಬಹುಮಟ್ಟಿಗೆ ಸರಳರೇಖೆ ಬರುತ್ತದೆ. ಜೀವಂತ ದಾನಿಯ ಮೂತ್ರಪಿಂಡಕ್ಕೆ ಅರ್ಧಾಯು ಹದಿನೈದು ವರ್ಷ ಅಥವಾ ಮೇಲೆ, ಮೃತ ದಾನಿಯದಕ್ಕೆ ಅದಕ್ಕಿಂತ ಕಡಿಮೆ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಯುರೇನಿಯಂ ಪರಮಾಣುವಿಗೆ ತನ್ನ ಹಿಂದಿನದು ನೆನಪಿಲ್ಲ, ನಾವೇನು ಮಾಡಿದರೂ ಅದು ಕೇಳುವುದಿಲ್ಲ. ಕಸಿಗೆ ಹಿಂದಿನ ಪ್ರತಿಯೊಂದು ತಿರಸ್ಕಾರದ ಗಾಯವೂ ಉಳಿದುಕೊಳ್ಳುತ್ತದೆ.

ಕಾರ್ನಿಯಾ ಮಾತ್ರ 1905ರಲ್ಲೇ ಉಳಿದದ್ದು ಏಕೆ? ಅದರಲ್ಲಿ ರಕ್ತನಾಳಗಳಿಲ್ಲ, ಬಿಳಿ ರಕ್ತಕಣಗಳಿಗೆ ಅಲ್ಲಿಗೆ ಸುಲಭವಾಗಿ ದಾರಿ ಸಿಗದು. ಹಾಗಾಗಿ ಸಾಮಾನ್ಯವಾಗಿ ಅಂಗಾಂಶ ಹೊಂದಿಸಿ ನೋಡದೆಯೇ ಹಾಕುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಹಾಕಿದರು: ಮುಂಪದರ ಕೆಟ್ಟಿದ್ದ ಇಬ್ಬರಿಗೆ ಮುಂಭಾಗ, ಒಳಪದರ ಕೆಟ್ಟಿದ್ದ ಇಬ್ಬರಿಗೆ ಹಿಂಭಾಗ. ಇದರಲ್ಲಿ ಇನ್ನೊಂದು ಲಾಭವೂ ಇದೆ. ತಿರಸ್ಕಾರದಿಂದ ಹೆಚ್ಚು ಹಾನಿಯಾಗುವುದು ಒಳಪದರಕ್ಕೆ. ಮುಂಭಾಗ ಮಾತ್ರ ಪಡೆದವರಲ್ಲಿ ಆ ಪದರ ಅವರದೇ ಆಗಿರುತ್ತದೆ.

ಮೂತ್ರಪಿಂಡಕ್ಕೆ ಆ ಸವಲತ್ತಿಲ್ಲ. ಇಡೀ ರಕ್ತ ಅದರ ಮೂಲಕ ಹಾಯಲೇಬೇಕು. ಕಸಿಯಾದ ನಾಲ್ಕನೆಯ ವರ್ಷ ನನ್ನ ವಿದ್ಯಾರ್ಥಿ, ಮೈ ಚೆನ್ನಾಗಿದೆ, ಮಾತ್ರೆ ದುಬಾರಿ ಎಂದು ಆರು ವಾರ ಮಾತ್ರೆ ಬಿಟ್ಟಿದ್ದ. ತಾಯಿಗೂ ಹೇಳಿರಲಿಲ್ಲ. ಕಾಲು ಊದಿಕೊಂಡಾಗ ಆಸ್ಪತ್ರೆಗೆ ಓಡಿದ. ಸೂಜಿಯಿಂದ ತುಣುಕು ತೆಗೆದು ನೋಡಿದಾಗ ತಿರಸ್ಕಾರ ಎಂದು ಖಚಿತವಾಯಿತು. ಮೂರು ದಿನ ಸ್ಟಿರಾಯ್ಡನ್ನು ರಕ್ತನಾಳಕ್ಕೆ ಹರಿಸಿ ಮೂತ್ರಪಿಂಡವನ್ನು ಉಳಿಸಿದರು. ಆ ಆರು ವಾರಕ್ಕೆ ಮೊದಲು ಅವನ ರಕ್ತದ ಕ್ರಿಯಾಟಿನಿನ್ 1.1 ಇತ್ತು. ಅಂದಿನಿಂದ 1.6ಕ್ಕಿಂತ ಕೆಳಗೆ ಇಳಿದಿಲ್ಲ.