ಚೆಂಡು ಹೊಲಿದು ಬದುಕಿದವರು: ಟಾಮ್ ಮಾರಿಸ್ ಮತ್ತು ಗಾಲ್ಫ್ ವೃತ್ತಿಯ ಆರಂಭಕಾಲ

ದೊಡ್ಡ ಮೊತ್ತದ ಬಹುಮಾನಕ್ಕಾಗಿ ದೇಶದಿಂದ ದೇಶಕ್ಕೆ ಸಂಚರಿಸುವ ಕ್ರೀಡಾಪಟುವೇ ವೃತ್ತಿಪರ ಗಾಲ್ಫ್ ಆಟಗಾರ ಎಂಬ ಕಲ್ಪನೆ ಇಂದು ರೂಢವಾಗಿದ್ದರೂ, ಹತ್ತೊಂಬತ್ತನೆಯ ಶತಮಾನದ ನಡುಭಾಗದ ಸ್ಕಾಟ್ಲೆಂಡಿನಲ್ಲಿ ಈ ವೃತ್ತಿ ರೂಪುಗೊಂಡಾಗ ಅದು ಮುಖ್ಯವಾಗಿ ಕೈಕಸುಬಾಗಿತ್ತು. ಚೆಂಡು ತಯಾರಿಸುವುದು, ಮುರಿದ ಕೋಲುಗಳನ್ನು ರಿಪೇರಿ ಮಾಡುವುದು, ಶ್ರೀಮಂತರ ಕೋಲುಗಳನ್ನು ಹೊತ್ತು ಅವರ ಹಿಂದೆ ನಡೆಯುತ್ತ ಯಾವ ಹೊಡೆತಕ್ಕೆ ಯಾವ ಕೋಲು ಹಿಡಿಯಬೇಕೆಂದು ಹೇಳುವ ಕ್ಯಾಡಿಯಾಗುವುದು, ಮೈದಾನದ ಹುಲ್ಲನ್ನು ಕಾಯುವುದು, ಇವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಧನಿಕರು ಕಟ್ಟಿದ ಪಣಕ್ಕಾಗಿ ತಾನೇ ಆಡುವುದು, ಎಲ್ಲವೂ ಒಬ್ಬನ ಪಾಲಿಗೇ ಬರುತ್ತಿದ್ದವು. ಸೇಂಟ್ ಆಂಡ್ರೂಸ್ ಪಟ್ಟಣದ ಟಾಮ್ ಮಾರಿಸ್ (1821–1908) ಓಪನ್ ಚಾಂಪಿಯನ್‌ಶಿಪ್ಪನ್ನು ನಾಲ್ಕು ಬಾರಿ ಗೆದ್ದವನೆಂದೇ ಹೆಚ್ಚಾಗಿ ಪ್ರಸಿದ್ಧನಾದರೂ, ಆತನ ಬದುಕಿನ ಹೆಚ್ಚಿನ ಭಾಗ ಕಳೆದದ್ದು ಈ ಕಸುಬುಗಳಲ್ಲೇ. ಗೆಲುವುಗಳಿಗಿಂತ ಹೆಚ್ಚು ಕಾಲ ಉಳಿದದ್ದೂ ಆತನ ಮಣ್ಣಿನ ಕೆಲಸವೇ.

ಕೈಮಗ್ಗದ ನೇಕಾರನೊಬ್ಬನ ಮಗನಾಗಿ ಹುಟ್ಟಿದ ಮಾರಿಸ್, ಹುಡುಗನಾಗಿದ್ದಾಗಲೇ ಅಲನ್ ರಾಬರ್ಟ್‌ಸನ್ ಎಂಬ ಚೆಂಡು ತಯಾರಕನ ಬಳಿ ಕೆಲಸ ಕಲಿಯಲು ಸೇರಿದ. ಆ ಕಾಲದ ಅತ್ಯುತ್ತಮ ಆಟಗಾರನೆಂದು ಹೆಸರಾಗಿದ್ದ ರಾಬರ್ಟ್‌ಸನ್ನನ ಹೊಟ್ಟೆಪಾಡು ನಡೆಯುತ್ತಿದ್ದುದು ಮಾತ್ರ ಮನೆಯ ಅಡುಗೆಕೋಣೆಯಲ್ಲಿ ತಯಾರಾಗುತ್ತಿದ್ದ ಗರಿಯ ಚೆಂಡುಗಳಿಂದ. ನೆನೆಸಿದ ಚರ್ಮದ ತುಂಡುಗಳನ್ನು ಹೊಲಿದು, ಹೊಲಿಗೆ ಒಳಗೆ ಹೋಗುವಂತೆ ಮಗುಚಿ, ಬಿಟ್ಟಿದ್ದ ಸಣ್ಣ ತೂತಿನೊಳಗೆ ಒಂದು ಎತ್ತರದ ಹ್ಯಾಟು ತುಂಬುವಷ್ಟು ಬೇಯಿಸಿದ ಬಾತುಕೋಳಿ ಗರಿಯನ್ನು ಕಬ್ಬಿಣದ ದಬ್ಬಣದಿಂದ ತುರುಕಬೇಕಾಗಿತ್ತು. ಕೈಬಲ ಸಾಲದೆ ಹೋದಾಗ ದಬ್ಬಣದ ಅಡ್ಡಹಿಡಿಯನ್ನು ಎದೆಗೆ ಆನಿಸಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತಿದ್ದರು. ಒಣಗುವಾಗ ಚರ್ಮ ಕುಗ್ಗಿ ಗರಿ ಹಿಗ್ಗುತ್ತಿದ್ದುದರಿಂದ ಚೆಂಡು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ನುರಿತ ಕೆಲಸಗಾರನೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಚೆಂಡು ಮುಗಿಸಲಾರನಾಗಿದ್ದ ಆ ಕಾಲದಲ್ಲಿ, 1844ರ ಒಂದೇ ವರ್ಷ ರಾಬರ್ಟ್‌ಸನ್ನನ ಅಡುಗೆಕೋಣೆಯಿಂದ 2,456 ಚೆಂಡುಗಳು ಹೊರಬಂದವು. ಇಷ್ಟೆಲ್ಲ ಶ್ರಮ ಬೇಡುತ್ತಿದ್ದ ಚೆಂಡು ಮಳೆಯಲ್ಲಿ ನೆನೆದರೆ ಭಾರವಾಗಿ, ಹೊಲಿಗೆ ಬಿಟ್ಟು ಒಡೆಯುತ್ತಿತ್ತು. ಸ್ಕಾಟ್ಲೆಂಡಿನ ಹವೆಗೆ ಇದಕ್ಕಿಂತ ಒಗ್ಗದ ವಸ್ತುವನ್ನು ಕಲ್ಪಿಸುವುದೇ ಕಷ್ಟ.

ಈ ಕಸುಬನ್ನು ಮುಳುಗಿಸಿದ್ದು ಮಲಯಾ ಕಾಡಿನ ಮರವೊಂದರ ಹಾಲು. ಗಟಾಪರ್ಚ ಎಂಬ ಈ ಅಂಟು ಬಿಸಿನೀರಿನಲ್ಲಿ ಮೆತ್ತಗಾಗಿ, ಉಂಡೆ ಕಟ್ಟಿ ಆರಿಸಿದರೆ ಗಟ್ಟಿಯಾಗುತ್ತದೆ. ಒಡೆದರೂ ಮತ್ತೆ ಕಾಯಿಸಿ ಉಂಡೆ ಕಟ್ಟಬಹುದು. 1848ರ ಸುಮಾರಿಗೆ ಬಳಕೆಗೆ ಬಂದ ಇದರ ಚೆಂಡು ಗರಿಯ ಚೆಂಡಿಗಿಂತ ಬಹಳ ಅಗ್ಗವಾಗಿತ್ತು, ಮಳೆಗೂ ಹೆದರುತ್ತಿರಲಿಲ್ಲ. ಹೊಚ್ಚಹೊಸ ನುಣುಪು ಚೆಂಡು ಗಾಳಿಯಲ್ಲಿ ಬೇಗನೆ ಕೆಳಗಿಳಿಯುತ್ತಿತ್ತು, ಏಟು ತಿಂದು ಗೀರುಬಿದ್ದ ಹಳೆಯ ಚೆಂಡು ನೆಟ್ಟಗೆ ದೂರ ಹೋಗುತ್ತಿತ್ತು. ಇದನ್ನು ಗಮನಿಸಿದ ತಯಾರಕರು ಮೊದಲೇ ಸುತ್ತಿಗೆಯಿಂದ ಗುರುತು ಹೊಡೆದು ಮಾರತೊಡಗಿದರು. ತನ್ನ ಅನ್ನಕ್ಕೆ ಕಲ್ಲು ಬೀಳುವುದನ್ನು ಕಂಡ ರಾಬರ್ಟ್‌ಸನ್, ಹೊಸ ಚೆಂಡನ್ನು ತನ್ನವರಾರೂ ಮುಟ್ಟಬಾರದೆಂದು ಹಟ ಹಿಡಿದ. ಒಂದು ದಿನ ಆಟದ ನಡುವೆ ಗರಿಯ ಚೆಂಡುಗಳು ಮುಗಿದುಹೋಗಿ ಮಾರಿಸ್ ಜೊತೆಗಾರನಿಂದ ಗಟಾಪರ್ಚ ಚೆಂಡನ್ನು ಪಡೆದು ಆಡಿದ್ದು ಕಿವಿಗೆ ಬಿದ್ದಾಗ ಇಬ್ಬರಿಗೂ ಜಗಳವಾಗಿ, ಮಾರಿಸ್ ಬೇರೆ ಅಂಗಡಿ ಹೂಡಿದ. ಆದರೂ 1849ರಲ್ಲಿ ಮಸಲ್‌ಬರೋದ ಡನ್ ಸೋದರರ ವಿರುದ್ಧ 400 ಪೌಂಡ್ ಪಣದ ಪಂದ್ಯವನ್ನು ಗೆದ್ದ ಜೋಡಿ ಇವರದೇ. ಕಸುಬಿನ ಮುನಿಸು ಆಟಕ್ಕೆ ಅಡ್ಡಬರಲಿಲ್ಲ.

1851ರಲ್ಲಿ ಜೇಮ್ಸ್ ಒಗಿಲ್ವಿ ಫೇರ್ಲಿ ಎಂಬ ಸೇನಾಧಿಕಾರಿಯ ಕರೆಯ ಮೇಲೆ ಮಾರಿಸ್ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ಗೆ ಹೋಗಿ, ಸಮುದ್ರದಂಚಿನ ಮರಳು ದಿಬ್ಬಗಳ ನಡುವೆ 12 ಕುಳಿಗಳ ಮೈದಾನವನ್ನು ಕಟ್ಟಿ, ಅದರ ಪಾಲಕನೂ ಆದ. ಪೋಷಕನ ಮೇಲಿನ ಕೃತಜ್ಞತೆಯಿಂದ ಒಬ್ಬ ಮಗನಿಗೆ ಜೇಮ್ಸ್ ಒಗಿಲ್ವಿ ಫೇರ್ಲಿ ಮಾರಿಸ್ ಎಂದೇ ಹೆಸರಿಟ್ಟದ್ದು, ಆ ಕಾಲದ ವೃತ್ತಿಪರನಿಗೂ ಧಣಿಗೂ ಇದ್ದ ಸಂಬಂಧವನ್ನು ಯಾವ ಕರಾರುಪತ್ರಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. 1859ರಲ್ಲಿ ರಾಬರ್ಟ್‌ಸನ್ ತೀರಿಕೊಂಡು, ಅತ್ಯುತ್ತಮ ಆಟಗಾರ ಯಾರೆಂಬ ಪ್ರಶ್ನೆ ಎದ್ದಾಗ, ಪ್ರೆಸ್ಟ್‌ವಿಕ್ ಕ್ಲಬ್ 1860ರ ಅಕ್ಟೋಬರ್ 17ರಂದು ಮೊದಲ ಓಪನ್ ಪಂದ್ಯವನ್ನು ಏರ್ಪಡಿಸಿತು. ಎಂಟು ಮಂದಿ ಮೂರು ಸುತ್ತು, ಒಟ್ಟು 36 ಕುಳಿಗಳನ್ನು ಆಡಿದರು. ಮಸಲ್‌ಬರೋದ ವಿಲ್ಲಿ ಪಾರ್ಕ್ 174 ಹೊಡೆತಗಳಲ್ಲಿ ಮುಗಿಸಿ, 176 ಹೊಡೆತ ತೆಗೆದುಕೊಂಡ ಮಾರಿಸನನ್ನು ಹಿಂದಿಕ್ಕಿದ. ಬಹುಮಾನವೆಂದರೆ ಬೆಳ್ಳಿಯ ಬಕ್ಕಲ್ ಇದ್ದ ಕೆಂಪು ಚರ್ಮದ ನಡುಪಟ್ಟಿ. ಅದೂ ಸ್ವಂತಕ್ಕಲ್ಲ, ಜೋಪಾನವಾಗಿ ಹಿಂದಿರುಗಿಸುವುದಕ್ಕೆ ಜಾಮೀನು ಕೊಟ್ಟು ಒಂದು ವರ್ಷ ಇಟ್ಟುಕೊಳ್ಳುವುದಕ್ಕೆ. ಮಾರಿಸ್ 1861, 1862, 1864 ಮತ್ತು 1867ರಲ್ಲಿ ಗೆದ್ದ. 1862ರಲ್ಲಿ ಆತನಿಗೂ ಎರಡನೆಯವನಿಗೂ 13 ಹೊಡೆತಗಳ ಅಂತರವಿತ್ತು. 46ನೆಯ ವಯಸ್ಸಿನಲ್ಲಿ ಬಂದ ಕೊನೆಯ ಗೆಲುವಿನಿಂದ ಆ ಪಂದ್ಯದ ಅತಿ ಹಿರಿಯ ವಿಜೇತನೆಂಬ ದಾಖಲೆ ಇಂದಿಗೂ ಆತನದೇ ಆಗಿದೆ.

1865ರಲ್ಲಿ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ವರ್ಷಕ್ಕೆ 50 ಪೌಂಡ್ ಸಂಬಳಕ್ಕೆ ಮಾರಿಸನನ್ನು ಊರಿಗೆ ಮರಳಿ ಕರೆಸಿ, ಒಂದು ತಳ್ಳುಗಾಡಿ, ಒಂದು ಗುದ್ದಲಿ, ಒಂದು ಸಲಿಕೆಯನ್ನು ಕೈಗೊಪ್ಪಿಸಿತು. ಭಾರದ ಕೆಲಸಕ್ಕೆ ವಾರದಲ್ಲಿ ಎರಡು ದಿನ ಒಬ್ಬ ಆಳು ಸಿಗುತ್ತಿದ್ದ. ಆಗ ಮೈದಾನದ ಸ್ಥಿತಿ ಶೋಚನೀಯವಾಗಿತ್ತು. ಒಂದು ಕುಳಿಗೆ ಚೆಂಡು ಬಿದ್ದ ಮೇಲೆ ಮುಂದಿನ ಕುಳಿಯತ್ತ ಮೊದಲ ಹೊಡೆತವನ್ನು ಅದರ ಬದಿಯಿಂದಲೇ ಹೊಡೆಯುವ ರೂಢಿಯಿತ್ತು, ಚೆಂಡನ್ನು ಎತ್ತರಿಸಿ ಇಡಲು ಬೇಕಾದ ಹಿಡಿ ಮರಳನ್ನೂ ಕುಳಿಯಿಂದಲೇ ಬಗೆಯುತ್ತಿದ್ದರು. ಹೀಗಾಗಿ ಕುಳಿ ದಿನದಿನಕ್ಕೆ ಆಳವಾಗಿ, ಅದರ ಸುತ್ತಲಿನ ನುಣುಪು ಹುಲ್ಲುಹಾಸು, ಅಂದರೆ ಗ್ರೀನ್, ತುಳಿತಕ್ಕೆ ಸಿಕ್ಕಿ ಬೋಳಾಗುತ್ತಿತ್ತು. ಮೊದಲ ಹೊಡೆತದ ಜಾಗವನ್ನು ಗ್ರೀನಿನಿಂದ ದೂರ ಸರಿಸಿದ್ದು, ಹೊಸ ಗ್ರೀನುಗಳನ್ನು ಕಟ್ಟಿದ್ದು, ಹುಲ್ಲಿನ ಮೇಲೆ ಆಗಾಗ ತೆಳುವಾಗಿ ಮರಳು ಹರಡಿ ನೆಲವನ್ನು ಸಮಗೊಳಿಸಿದ್ದು ಮಾರಿಸನ ಸಾಧನೆಗಳು. ಮರಳಿನಿಂದ ನೆಲ ಬಿಗಿಯಾಗಿ, ನೀರು ನಿಲ್ಲದೆ, ಸಣ್ಣೆಳೆಯ ಹುಲ್ಲು ಹುಲುಸಾಗುತ್ತದೆಂಬುದನ್ನು ಆತ ಅನುಭವದಿಂದಲೇ ಕಂಡುಕೊಂಡಿದ್ದ. ಗಾಲ್ಫ್ ಮೈದಾನಗಳ ಆರೈಕೆಯಲ್ಲಿ ಈ ಕ್ರಮ ಇಂದಿಗೂ ಇದೆ. ಭಾನುವಾರ ಆಟಕ್ಕೆ ರಜೆ ಕೊಡುವ ಪದ್ಧತಿಯನ್ನು ದೈವಭಕ್ತನಾದ ಆತ ಬಿಗಿಯಾಗಿ ಪಾಲಿಸಿದನಾದರೂ, ಹುಲ್ಲಿಗೂ ಒಂದು ದಿನದ ಬಿಡುವು ಬೇಕೆಂಬ ತೋಟಗಾರನ ಲೆಕ್ಕಾಚಾರ ಅದರಲ್ಲಿ ಸೇರಿರಲಿಲ್ಲವೆನ್ನಲಾಗದು. ಬ್ರಿಟನ್ ಮತ್ತು ಐರ್ಲೆಂಡಿನ ಅನೇಕ ಊರುಗಳಿಗೆ ಹೋಗಿ ಮೈದಾನ ಗುರುತಿಸಿಕೊಟ್ಟದ್ದಕ್ಕೆ ಆತ ಪಡೆಯುತ್ತಿದ್ದ ಕೂಲಿ ದಿನಕ್ಕೆ 1 ಪೌಂಡ್ ಮತ್ತು ಪ್ರಯಾಣದ ಖರ್ಚು. ಮ್ಯೂರ್‌ಫೀಲ್ಡ್, ರಾಯಲ್ ಕೌಂಟಿ ಡೌನ್‌ನಂಥ ಹೆಸರಾಂತ ಮೈದಾನಗಳ ಮೊದಲ ನಕ್ಷೆ ಆತನದು. ಇದೇ ಶತಮಾನದಲ್ಲಿ ಬ್ರಿಟಿಷರೊಡನೆ ಈ ಆಟ ಹೊರದೇಶಗಳಲ್ಲೂ ಹಬ್ಬಿತು: ಕಲ್ಕತ್ತೆಯಲ್ಲಿ 1829ರಲ್ಲೇ ಕ್ಲಬ್ ಹುಟ್ಟಿದ್ದರೆ, ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ.

ವೃತ್ತಿಯ ಸ್ವರೂಪವನ್ನೇ ಬದಲಿಸಿದವನು ಮಾತ್ರ ತಂದೆಯಲ್ಲ, ಮಗ. 1851ರಲ್ಲಿ ಹುಟ್ಟಿದ ಟಾಮಿ ಏರ್ ಪಟ್ಟಣದ ಒಳ್ಳೆಯ ಶಾಲೆಯಲ್ಲಿ ಓದಿದವನು, ಕ್ಯಾಡಿಯ ಕೆಲಸಕ್ಕೆ ಕೈಹಾಕದವನು, ಧನಿಕರೆದುರು ಟೋಪಿ ತೆಗೆದು ನಿಲ್ಲುವ ತಂದೆಯ ವಿನಯವನ್ನು ಕಲಿಯದವನು. 1868ರಲ್ಲಿ 17ನೆಯ ವಯಸ್ಸಿಗೆ ಓಪನ್ ಗೆದ್ದಾಗ ಎರಡನೆಯ ಸ್ಥಾನ ಬಂದದ್ದು ತಂದೆಗೇ. 1870ರಲ್ಲಿ ಸತತ ಮೂರನೆಯ ಬಾರಿ ಗೆದ್ದು, ನಿಯಮದ ಪ್ರಕಾರ ನಡುಪಟ್ಟಿಯನ್ನು ಶಾಶ್ವತವಾಗಿ ತನ್ನದಾಗಿಸಿಕೊಂಡ. ಕೊಡಲು ಬಹುಮಾನವೇ ಉಳಿಯದೆ 1871ರಲ್ಲಿ ಪಂದ್ಯ ನಡೆಯಲಿಲ್ಲ. ಮರುವರ್ಷ ಮೂರು ಕ್ಲಬ್ಬುಗಳು ಸೇರಿ ಬೆಳ್ಳಿಯ ಹೂಜಿಯೊಂದನ್ನು ಗೊತ್ತುಮಾಡಿದಾಗ ಮತ್ತೆ ಗೆದ್ದವನೂ ಟಾಮಿಯೇ. ಆಟವೊಂದನ್ನೇ ನಂಬಿ ಬದುಕಬಹುದೆಂದು ತೋರಿಸಿದ ಮೊದಲಿಗರಲ್ಲಿ ಆತನ ಹೆಸರು ಮುಂದೆ ಬರುತ್ತದೆ. ಆ ಬದುಕು ದೀರ್ಘವಾಗಲಿಲ್ಲ. 1875ರ ಸೆಪ್ಟೆಂಬರಿನಲ್ಲಿ ನಾರ್ತ್ ಬರ್ವಿಕ್‌ನಲ್ಲಿ ತಂದೆ ಮಗ ಪಾರ್ಕ್ ಸೋದರರೊಡನೆ ಆಡುತ್ತಿದ್ದಾಗ, ಹೆರಿಗೆಯಲ್ಲಿ ಟಾಮಿಯ ಹೆಂಡತಿ ಮಾರ್ಗರೆಟ್ ಸಂಕಟದಲ್ಲಿದ್ದಾಳೆಂಬ ತಂತಿ ಬಂತು. ದೋಣಿಯಲ್ಲಿ ಕೊಲ್ಲಿ ದಾಟಿ ಮನೆ ಮುಟ್ಟುವಷ್ಟರಲ್ಲಿ ತಾಯಿ ಮಗು ಇಬ್ಬರೂ ತೀರಿಕೊಂಡಿದ್ದರು. ಅದೇ ವರ್ಷದ ಕ್ರಿಸ್‌ಮಸ್ ದಿನ 24ರ ಹರೆಯದ ಟಾಮಿಯೂ ಸತ್ತ.

ತಂದೆ ಇನ್ನೂ 32 ವರ್ಷಕ್ಕೂ ಹೆಚ್ಚು ಕಾಲ ಬದುಕಿ, 1903ರವರೆಗೆ ಮೈದಾನವನ್ನು ಕಾಯ್ದ. ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಜಾರ್ಜ್ ರೀಡ್ ಎಂಬ ಪ್ರಸಿದ್ಧ ಕಲಾವಿದನಿಂದ ಆತನ ಭಾವಚಿತ್ರ ಬರೆಸಿತಾದರೂ, ಕ್ಲಬ್ಬಿನ ಸದಸ್ಯತ್ವ ವೃತ್ತಿಪರನಿಗೆ ಸಲ್ಲುವ ಗೌರವವಾಗಿರಲಿಲ್ಲ. 1901ರಲ್ಲಿ ಜೆ.ಎಚ್. ಟೇಲರ್ ಮುಂತಾದ ಆಟಗಾರರು ಲಂಡನ್ನಿನಲ್ಲಿ ವೃತ್ತಿಪರರ ಸಂಘ ಕಟ್ಟಿದ ಮೇಲೂ ಕ್ಲಬ್ಬುಗಳ ಈ ನಡವಳಿಕೆ ಬೇಗ ಬದಲಾಗಲಿಲ್ಲ. 1920ರ ಅಮೆರಿಕನ್ ಓಪನ್ ವೇಳೆ ಟೊಲೀಡೊದ ಇನ್ವರ್ನೆಸ್ ಕ್ಲಬ್ ತನ್ನ ಕಟ್ಟಡದೊಳಕ್ಕೆ ವೃತ್ತಿಪರರನ್ನು ಬಿಟ್ಟುಕೊಂಡದ್ದೇ ಸುದ್ದಿಯಾಯಿತು, ಆಟಗಾರರು ಹಣ ಕೂಡಿಸಿ ಆ ಕ್ಲಬ್ಬಿಗೆ ಎತ್ತರದ ಗಡಿಯಾರವೊಂದನ್ನು ಕೊಡುಗೆಯಾಗಿ ಕೊಟ್ಟರು.